ಮೊದಲು ಡಾಕ್ಟರ್, ಆಮೇಲೆ ಓಟ: ಅಕಾಡೆಮಿ ಇಲ್ಲದೆ ಮೂವರನ್ನು ಆರ್ಮಿಗೆ ಕಳಿಸಿದ ನನ್ನ ಅನುಭವ

2025ರ ಭರ್ತಿಯಲ್ಲಿ ನಮ್ಮೂರಿನ ಮೂರು ಹುಡುಗರು ಅಗ್ನಿವೀರ ಜಿಡಿಗೆ, ಅಂದರೆ ಸೇನೆಯ ಜನರಲ್ ಡ್ಯೂಟಿ ಸಿಪಾಯಿ ಹುದ್ದೆಗೆ, ಸೆಲೆಕ್ಟ್ ಆದರು. ಅದರಲ್ಲಿ ಒಬ್ಬ ನನ್ನ ತಮ್ಮ. ಮೂವರೂ ಭರ್ತಿಗೆ ತರಬೇತಿ ಕೊಡುವ ಅಕಾಡೆಮಿಯ ಮೆಟ್ಟಿಲು ಹತ್ತಿದವರಲ್ಲ. ಮೂಡಲಗಿ ಕಡೆಯ ಸಣ್ಣ ಊರು ನಮ್ಮದು. ಕಬ್ಬು ಬೆಳೆಯುವವರು ನಾವು, ಘಟಪ್ರಭಾ ಎಡದಂಡೆ ಕಾಲುವೆಯ ರಸ್ತೆಯೇ ನಮ್ಮ ಗ್ರೌಂಡ್. "ಅಕಾಡೆಮಿಗೆ ಹಾಕದ ಇವ್ರು ಏನ್ ಆಗ್ತಾರ?" ಅಂತ ಎರಡು ವರ್ಷ ಕೇಳಿದವರೇ ಈಗ ಸಂಜೆ ಮನೆಗೆ ಬಂದು ಹೇಗೆ ಮಾಡಿಸಿದಿರಿ ಅಂತ ಕೇಳುತ್ತಾರೆ. ಫೋನಿನಲ್ಲೂ ಅವೇ ಪ್ರಶ್ನೆ. ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಒಮ್ಮೆ ಕುಳಿತು ಬರೆಯುತ್ತಿದ್ದೇನೆ. ರ್‍ಯಾಲಿ ಅಂದರೆ ಮೈದಾನದ ಆಯ್ಕೆ. ಅಲ್ಲಿ 1.6 ಕಿಲೋಮೀಟರ್ ಓಟ, ಬೀಮ್ (ಅಡ್ಡ ಪೈಪ್ ಹಿಡಿದು ಮೈ ಮೇಲೆತ್ತುವುದು), 9 ಅಡಿ ಹಳ್ಳ ಜಿಗಿಯುವುದು, ಜಿಗ್‌ಜ್ಯಾಗ್ ಹಲಗೆಯ ಮೇಲೆ ನಡೆಯುವುದು ಇರುತ್ತೆ, ಅದರ ಹೆಚ್ಚಿನ ವಿವರ ಹೇಳಲ್ಲ.

ಎಲ್ಲರೂ ಓಟದಿಂದ ಶುರು ಮಾಡುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಹಿಡಿಯುತ್ತಾರೆ, ರ್‍ಯಾಲಿ ಕರೆ ಬಂದಾಗ ಕಾಗದ ಹುಡುಕುತ್ತಾರೆ, ಮೆಡಿಕಲ್ ಅನ್ನು ದೇವರ ಮೇಲೆ ಬಿಡುತ್ತಾರೆ. ನಾವು ಇದನ್ನು ತಲೆಕೆಳಗೆ ಮಾಡಿದೆವು. ಮೊದಲು ಡಾಕ್ಟರ್, ಆಮೇಲೆ ಕಾಗದ, ಆಮೇಲೆ ಪುಸ್ತಕ, ಕೊನೆಗೆ ಓಟ. ಊರಲ್ಲಿ ನಕ್ಕರು. ಮಿಲಿಟರಿಗೆ ಹೋಗುವ ಹುಡುಗರನ್ನು ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವವನನ್ನು ಅವರು ಅಲ್ಲಿಯ ತನಕ ನೋಡಿರಲಿಲ್ಲ.

ನನಗೆ ಈ ಬುದ್ಧಿ ಸುಮ್ನೆ ಬಂದಿದ್ದಲ್ಲ. 2018ರಲ್ಲಿ ನಾನೂ ರ್‍ಯಾಲಿಗೆ ಹೋಗಿದ್ದೆ. ಓಟದಲ್ಲಿ ಮೊದಲ ಗುಂಪು, ಅಂದರೆ ಎಲ್ಲರಿಗಿಂತ ಬೇಗ ಮುಗಿಸಿದವರ ಗುಂಪು, ಬೀಮ್ ಹತ್ತಕ್ಕೆ ಹತ್ತು. ಮೆಡಿಕಲ್‌ನಲ್ಲಿ ಕಿವಿ ತುಂಬ ಮೇಣ ಇದೆ, ಪರದೆ ಕಾಣುತ್ತಿಲ್ಲ ಅಂತ ಬರೆದು ಮರುತಪಾಸಣೆಗೆ ಮಿಲಿಟರಿ ಆಸ್ಪತ್ರೆಗೆ ಹೋಗು ಅಂದರು. ಅಲ್ಲೇ ಹೊರಗೆ ಒಬ್ಬ ಏಜೆಂಟ್ ಗಂಟು ಬಿದ್ದ. ನೀನು ಎಲ್ಲಿಗೂ ಹೋಗಬೇಡ, ಒಳಗೆ ನಮ್ಮವರಿದ್ದಾರೆ, ನಾನೇ ಮಾಡಿಸುತ್ತೇನೆ ಅಂದ. ಅಪ್ಪ ಒಂದು ಎಮ್ಮೆ ಮಾರಿ 40 ಸಾವಿರ ಕೊಟ್ಟರು. ಕೊಟ್ಟ ದಿನಗಳು ಮುಗಿದವು, ಅವನ ಫೋನ್ ಬಂದ್ ಆಯಿತು. 200 ರೂಪಾಯಿಯ ಕಿವಿ ಸ್ವಚ್ಛ ಮಾಡಿಸುವ ಕೆಲಸಕ್ಕೆ ನನ್ನ ನೌಕರಿ ಹೋಯಿತು, ಎಮ್ಮೆಯೂ ಹೋಯಿತು. ಮುಂದಿನ ವರ್ಷ ಮತ್ತೆ ಹೋದೆ, ಮೆರಿಟ್‌ನಲ್ಲಿ ಉಳಿಯಲಿಲ್ಲ. ಆಮೇಲೆ ಕೋವಿಡ್, ಎರಡು ವರ್ಷ ಭರ್ತಿಯೇ ನಿಂತಿತು. 2022ರಲ್ಲಿ ನಾಲ್ಕು ವರ್ಷದ ಸೇವೆಯ ಅಗ್ನಿಪಥ ಯೋಜನೆ ಬಂದಾಗ ಆ ಒಂದು ವರ್ಷಕ್ಕೆ ಮಾತ್ರ ವಯಸ್ಸನ್ನು 21ರಿಂದ 23ಕ್ಕೆ ಏರಿಸಿದರು, ನನಗೆ ಮೂರು ತಿಂಗಳು ಜಾಸ್ತಿಯಾಗಿತ್ತು. ಅವತ್ತು ರಾತ್ರಿ ಹೊಲದಲ್ಲಿ ನೀರು ಹಾಯಿಸುತ್ತಾ ಒಬ್ಬನೇ ಕುಳಿತಿದ್ದು ಇನ್ನೂ ನೆನಪಿದೆ.

ದುಡ್ಡು ಕೊಟ್ಟರೆ ಆಗುತ್ತಾ ಅಂತ ಇವತ್ತಿಗೂ ಕೇಳುತ್ತಾರೆ. ಆಗಲ್ಲ. ಪರೀಕ್ಷೆ ಕಂಪ್ಯೂಟರ್‌ನಲ್ಲಿ, ಓಟ ಎಲ್ಲರ ಕಣ್ಣೆದುರಿಗೆ, ಮೆರಿಟ್ ಈ ಎರಡರ ಅಂಕದ ಮೇಲೆ. ಏಜೆಂಟ್ ಮಾಡುವುದು ಇಷ್ಟೇ: ಹತ್ತು ಹುಡುಗರ ಹತ್ತಿರ ದುಡ್ಡು ತಗೊಳ್ಳುತ್ತಾನೆ, ಇಬ್ಬರು ತಮ್ಮ ಬಲದಿಂದಲೇ ಪಾಸ್ ಆಗುತ್ತಾರೆ, ಅವರ ಹೆಸರು ಹೇಳಿ ಮುಂದಿನ ವರ್ಷ ಇಪ್ಪತ್ತು ಜನರನ್ನು ಹಿಡಿಯುತ್ತಾನೆ.

ತಮ್ಮ 2023ರಲ್ಲಿ ಮೊದಲ ಸಲ ಕುಳಿತ. ಆ ವರ್ಷದಿಂದ ಮೊದಲು ಆನ್‌ಲೈನ್ ಪರೀಕ್ಷೆ, ಪಾಸಾದವರಿಗೆ ಮಾತ್ರ ರ್‍ಯಾಲಿ ಅಂತ ಆಯಿತು. ನಮಗೆ ಅದರ ಬಿಸಿ ತಟ್ಟಿದ್ದು ಫಲಿತಾಂಶ ಬಂದ ಮೇಲೆ. ಪ್ರಶ್ನೆ ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಲೆಕ್ಕ ಗೊತ್ತಿದ್ದರೂ ಪ್ರಶ್ನೆ ತಿಳಿಯದೆ ಬಿಟ್ಟು ಬಂದ. ಮೈದಾನ ನೋಡುವ ಮೊದಲೇ ಮನೆಗೆ ಬಂದೆವು.

2024ರಲ್ಲಿ ಪರೀಕ್ಷೆ ಪಾಸಾದ, ಓಟದಲ್ಲಿ ಬಿದ್ದ. ಇದು ಪೂರ್ತಿ ನನ್ನ ತಪ್ಪು. ಕಾಲುವೆ ರಸ್ತೆಯಲ್ಲಿ 1.6 ಕಿಲೋಮೀಟರ್ ಅಳೆಯಲು ಬೈಕ್ ಮೀಟರ್ ನೋಡಿ ಕಲ್ಲಿಗೆ ಸುಣ್ಣ ಬಳಿದಿದ್ದೆ. ಆ ಕಲ್ಲಿನ ತನಕ ತಮ್ಮ 5 ನಿಮಿಷ 20 ಸೆಕೆಂಡಿಗೆ ಓಡುತ್ತಿದ್ದ, ಮೊದಲ ಗುಂಪು ಗ್ಯಾರಂಟಿ ಅಂತ ಊರಿಗೆಲ್ಲ ಹೇಳಿಕೊಂಡಿದ್ದೆ. ರ್‍ಯಾಲಿಯಲ್ಲಿ 5 ನಿಮಿಷ 50ರ ಹತ್ತಿರ ಬಂದ. ಆಗ 5 ನಿಮಿಷ 45ಕ್ಕೆ ಹಗ್ಗ ಬೀಳುತ್ತಿತ್ತು, ಆಮೇಲೆ ಬಂದವರು ಹೊರಗೆ. ಹುಡುಗ ದಾರಿ ಪೂರ್ತಿ ಬಸ್ಸಿನ ಕಿಟಕಿ ಕಡೆ ಮುಖ ಮಾಡಿ ಕುಳಿತಿದ್ದ. ನಾನು ಅವನು ಗಾಬರಿಯಾದ ಅಂದುಕೊಂಡೆ. ಊರಿಗೆ ಬಂದ ಮೇಲೆ ಯಾಕೋ ಅನುಮಾನ ಬಂದು ಮತ್ತೆ ಅಳೆದೆ. ನಮ್ಮ ಕಲ್ಲು 1,480 ಮೀಟರ್‌ಗೇ ಇತ್ತು!

ಅಳೆದದ್ದು ಹೇಗೆ ಅಂದರೆ ಸೈಕಲ್ ಗಾಲಿಯಿಂದ. ದೊಡ್ಡ ಗಾಲಿಯ ಹಳೆ ಸೈಕಲ್, ಟೈರಿಗೆ ಒಂದು ಸುಣ್ಣದ ಗುರುತು, ಒಂದು ಸುತ್ತು ಉರುಳಿಸಿ ಟೇಪ್ ಹಿಡಿದರೆ 2 ಮೀಟರ್ 20 ಸೆಂಟಿಮೀಟರ್. ಅಂದರೆ 1,600 ಮೀಟರ್‌ಗೆ 727 ಸುತ್ತು. ಒಬ್ಬ ತಳ್ಳುತ್ತಾನೆ, ಒಬ್ಬ ಎಣಿಸುತ್ತಾನೆ, ಪ್ರತಿ ನೂರಕ್ಕೆ ಒಂದು ಹುಣಸೆ ಬೀಜ ಜೇಬಿಗೆ. ಮೊಬೈಲ್ ಆ್ಯಪ್ ಕೂಡ ನೋಡಿದೆವು, ಅದು ದಿನಕ್ಕೊಂದು ಅಳತೆ ಹೇಳಿತು. ನೀವು ಇದರಲ್ಲಿ ಒಂದೇ ಕೆಲಸ ಮಾಡುವುದಾದರೆ ನಿಮ್ಮ ಗ್ರೌಂಡ್ ಇವತ್ತೇ ಮತ್ತೆ ಅಳೆಯಿರಿ.

2024ರ ದೀಪಾವಳಿ ಆದ ಮೇಲೆ ಆರು ಹುಡುಗರನ್ನು ಕೂಡಿಸಿ ಹೊಸದಾಗಿ ಶುರು ಮಾಡಿದೆ. ಮೊದಲ ಎರಡು ವಾರ ಒಂದು ಹೆಜ್ಜೆಯೂ ಓಡಿಸಲಿಲ್ಲ. ಮನೆಯಲ್ಲೇ ಎತ್ತರ, ಎದೆ ನೋಡಿದೆ. ನಮ್ಮ ಕಡೆಯವರಿಗೆ ಜಿಡಿಗೆ 166 ಸೆಂಟಿಮೀಟರ್, ಎದೆ 77, ಉಸಿರು ಎಳೆದಾಗ 5 ಹಿಗ್ಗಬೇಕು. ಕಾಲು ಸೊಟ್ಟ ಇದೆಯಾ ಅಂತ ಮೊಣಕಾಲು ಕೂಡಿಸಿ ನಿಲ್ಲಿಸಿದೆ, ಒದ್ದೆ ಕಾಲಲ್ಲಿ ಕಡಪಾ ಕಲ್ಲಿನ ಮೇಲೆ ನಡೆಸಿ ಪಾದ ಚಪ್ಪಟೆ ಇದೆಯಾ ನೋಡಿದೆ, ಪಿಂಡಿಯಲ್ಲಿ ಉಬ್ಬಿದ ನರ ನೋಡಿದೆ. ಆಮೇಲೆ ಗೋಕಾಕಿಗೆ ಕರೆದುಕೊಂಡು ಹೋಗಿ ಕಿವಿ, ಹಲ್ಲು, ಕಣ್ಣು ತೋರಿಸಿದೆ. ಇಬ್ಬರ ಕಿವಿ ಸ್ವಚ್ಛ ಆಯಿತು, ಮೂವರ ಹಲ್ಲಿಗೆ ಸಿಮೆಂಟ್ ಬಿತ್ತು. ಎಲ್ಲ ಸೇರಿ ಎಂಟೊಂಬತ್ತು ಸಾವಿರ ಆಗಿರಬಹುದು.

ಕಣ್ಣಿನ ಡಾಕ್ಟರ್ ಚುಕ್ಕಿಗಳ ಪುಸ್ತಕ ತೋರಿಸಿದಾಗ ಒಬ್ಬ ಹುಡುಗ ಅದರಲ್ಲಿದ್ದ ಅಂಕಿ ಓದಲಿಲ್ಲ. ಬಣ್ಣಗುರುಡು. ಆರು ಜನರಲ್ಲಿ ಅವನೇ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಅತ್ತ, ನನಗೂ ತಡೆಯಲಾಗಲಿಲ್ಲ. ಆದರೆ ಎರಡು ವರ್ಷ ಓಡಿ, ಪರೀಕ್ಷೆ ಪಾಸಾಗಿ, ಕೊನೆಯ ದಿನ ಇದು ಗೊತ್ತಾಗಿದ್ದರೆ? ಅವನು ಈಗ ಟ್ರ್ಯಾಕ್ಟರ್ ರಿಪೇರಿ ಕಲಿಯುತ್ತಿದ್ದಾನೆ. ಆ ಆರೇಳು ತಿಂಗಳು ದಿನಾ ಬೆಳಿಗ್ಗೆ ಐದಕ್ಕೆ ಕಾಲುವೆಗೆ ಬಂದು ಉಳಿದವರ ಟೈಮ್ ಹಿಡಿದವನು ಅವನೇ.

ಕಾಗದದ ಕೆಲಸ ಬೇಸರದ್ದು, ಆದರೆ ಮಾಡಲೇಬೇಕು. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಮಲ್ಲಪ್ಪ, ಆಧಾರ್‌ನಲ್ಲಿ ಮಲ್ಲಿಕಾರ್ಜುನ, ನಮ್ಮ ಕಡೆ ಇದು ಮನೆಮನೆಯ ಕಥೆ ಅಲ್ವಾ? ಅಂಕಪಟ್ಟಿ ತಿದ್ದಿಸುವುದು ತಿಂಗಳುಗಟ್ಟಲೆ ಹಿಡಿಯುತ್ತೆ, ಆದ್ದರಿಂದ ಆಧಾರ್ ಅನ್ನು ಅಂಕಪಟ್ಟಿಗೆ ಹೊಂದಿಸಿ. ಜಾತಿ, ವಾಸಸ್ಥಳದ ಪತ್ರ ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ. ನಡತೆ ಪತ್ರ, ಮದುವೆಯಾಗಿಲ್ಲ ಅನ್ನುವ ಪತ್ರ ಮಾತ್ರ ಕೊನೆಗೆ, ಯಾಕೆಂದರೆ ಅವು ಆರು ತಿಂಗಳ ಒಳಗಿನವೇ ಇರಬೇಕು.

ಓಟಕ್ಕೆ ಬರುತ್ತೇನೆ. ಮೊದಲೆಲ್ಲ ದಿನಾ ಐದು ಕಿಲೋಮೀಟರ್ ಓಡಿಸುತ್ತಿದ್ದೆ. ಹುಡುಗರು ಐದು ಕಿಲೋಮೀಟರ್ ಓಡುವುದನ್ನು ಚೆನ್ನಾಗಿ ಕಲಿತರು, 1.6 ಅಲ್ಲ. 5 ನಿಮಿಷ 30 ಸೆಕೆಂಡಿಗೆ ಮುಗಿಸಬೇಕು ಅಂದರೆ 400 ಮೀಟರ್‌ಗೆ 82 ಸೆಕೆಂಡ್ ಬೀಳುತ್ತೆ. ಹಾಗಾಗಿ ವಾರಕ್ಕೆ ಎರಡು ದಿನ 400 ಮೀಟರ್ ಆರು ಸಲ, 80 ಸೆಕೆಂಡ್ ಒಳಗೆ, ನಡುವೆ ಎರಡು ನಿಮಿಷ ನಡಿಗೆ. ಒಂದು ದಿನ ಉದ್ದನೆಯ ನಿಧಾನ ಓಟ. ಉಳಿದ ದಿನ ಬೀಮ್, ಹೊಟ್ಟೆ, ತೊಡೆ. ಭಾನುವಾರ ಪೂರ್ತಿ ರಜೆ. 1.6 ಪೂರ್ತಿ ಓಡಿಸಿ ಟೈಮ್ ನೋಡಿದ್ದು ಹದಿನೈದು ದಿನಕ್ಕೆ ಒಮ್ಮೆ ಮಾತ್ರ. ಎರಡು ತಿಂಗಳಲ್ಲಿ ತಮ್ಮ ಹತ್ತಿರ ಹತ್ತಿರ 20 ಸೆಕೆಂಡ್ ಇಳಿಸಿದ. ಮೈದಾನದಲ್ಲಿ ದೊಡ್ಡ ಗುಂಪಿನಲ್ಲಿ ಓಡಬೇಕಾಗುತ್ತೆ, ಮೊಣಕೈ ಬಡಿಯುತ್ತೆ, ಧೂಳು ಕುಡಿಯಬೇಕು. ಅದಕ್ಕೆ ನಾವು ಮೂರನೇ ಸುತ್ತಿನಲ್ಲಿ ಒಂದು ಉಪಾಯ ಮಾಡುತ್ತೇವೆ. ಅದನ್ನು ಇಲ್ಲಿ ಬರೆಯಲ್ಲ, ನಮ್ಮ ಹುಡುಗರು ಇನ್ನೂ ಓಡಬೇಕು. ರ್‍ಯಾಲಿ ಮುಂಚಿನ ರಾತ್ರಿ ಏನು ತಿನ್ನಿಸುತ್ತೇವೆ ಅನ್ನುವುದೂ ನಮ್ಮ ಹತ್ತಿರವೇ ಇರಲಿ.

ನಡುವೆ ಮಾಡಿದ ಬೇರೆ ಪ್ರಯೋಗಗಳಲ್ಲಿ ಮೂರು ಕೆಟ್ಟವು. ಕಾಲಿಗೆ ಬಲ ಬರಲಿ ಅಂತ ಉಳುಮೆ ಮಾಡಿದ ಎರೆಹೊಲದಲ್ಲಿ ಓಡಿಸಿದೆ, ಒಬ್ಬನ ಹರಡು ಉಳುಕಿ ಮೂರು ವಾರ ಹೋಯಿತು. ಬರಿಗಾಲಲ್ಲಿ ಗರಸಿನ ಮೇಲೆ ಓಡಿಸಿದೆ, ಮುಂಗಾಲಿನ ಎಲುಬು ನೋವು ಬಂತು. ಒಬ್ಬ 2,800 ರೂಪಾಯಿಯ ಪ್ರೋಟೀನ್ ಡಬ್ಬಿ ತಂದ, ಹೊಟ್ಟೆ ಕೆಡಿಸಿಕೊಂಡ. ಗೆದ್ದದ್ದು ರೊಟ್ಟಿ, ಮಡಿಕೆಕಾಳು, ಮೊಸರು, ಎರಡು ತತ್ತಿ, ಓಡಿ ಬಂದ ಮೇಲೆ ಶೇಂಗಾ ಬೆಲ್ಲ. ಬೀಮ್‌ಗೆ ಎರಡು ಬೇವಿನ ಮರದ ನಡುವೆ ಹಳೆ ಮೋಟಾರಿನ ಎರಡು ಇಂಚಿನ ಪೈಪ್ ಕಟ್ಟಿದ್ದೆ. ಕೈ ಜಾರುತ್ತಿತ್ತು, ಏಳರ ಮೇಲೆ ಯಾರೂ ಹೋಗಲಿಲ್ಲ. ಸವಾ ಇಂಚಿನದ್ದು ಹಾಕಿದ ಮೇಲೆ ಹತ್ತು ಬಂತು. ಆಮೇಲೆ ಎರಡನ್ನೂ ಇಟ್ಟೆವು, ದಪ್ಪದ್ದರ ಮೇಲೆ ಆರು ಹೊಡೆದವನಿಗೆ ತೆಳುವಾದದ್ದರ ಮೇಲೆ ಹತ್ತು ಕಷ್ಟವಲ್ಲ. ಹತ್ತಕ್ಕೆ 40 ಅಂಕ, ಆರಕ್ಕೆ 16 ಮಾತ್ರ. ಪಾಸ್ ಆದರೆ ಸಾಕು ಅಂತ ಆರಕ್ಕೆ ನಿಲ್ಲಿಸುವವರು ಮೆರಿಟ್‌ನಲ್ಲಿ ಅಲ್ಲೇ ಸೋಲುತ್ತಾರೆ.

2025ರಲ್ಲಿ ಎರಡು ಒಳ್ಳೆಯ ಬದಲಾವಣೆ ಆದವು. ಪರೀಕ್ಷೆ ಕನ್ನಡದಲ್ಲೂ ಬಂತು. ಓಟಕ್ಕೆ 6 ನಿಮಿಷ 15 ಸೆಕೆಂಡ್ ತನಕ ಅವಕಾಶ ಕೊಟ್ಟರು, ಆದರೆ 5:30ಕ್ಕೆ 60 ಅಂಕ, 6 ನಿಮಿಷ ದಾಟಿದರೆ 24. ಸಡಿಲ ಆಯಿತು ಅಂತ ಹಿಗ್ಗುವ ವಿಷಯ ಅಲ್ಲ ಇದು. ಪರೀಕ್ಷೆಯಲ್ಲಿ 50 ಪ್ರಶ್ನೆ, ಒಂದು ಗಂಟೆ, ಸರಿಗೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಟ್. ಹುಡುಗರಿಗೆ ಗಣಿತವನ್ನೇ ಹಿಡಿಯಿರಿ ಅಂದೆ. ಸಾಮಾನ್ಯ ಜ್ಞಾನ ಎಷ್ಟು ಓದಿದರೂ ಮುಗಿಯಲ್ಲ, ಶೇಕಡಾವಾರು, ಬಡ್ಡಿ, ಸರಾಸರಿ ಮುಗಿಯುತ್ತೆ. ರಾತ್ರಿ ಎಂಟರಿಂದ ಹತ್ತು ನಮ್ಮ ಪಡಸಾಲೆಯಲ್ಲಿ, ಫೋನುಗಳೆಲ್ಲ ಅವ್ವನ ಟ್ರಂಕಿನಲ್ಲಿ.

ಐವರು ಪರೀಕ್ಷೆ ಬರೆದರು, ನಾಲ್ವರು ಪಾಸ್. ನಾಲ್ವರೂ ಓಟ ಗೆದ್ದರು, ತಮ್ಮ 5 ನಿಮಿಷ 24ರ ಆಸುಪಾಸು. ಮೆಡಿಕಲ್‌ನಲ್ಲಿ ಒಬ್ಬನಿಗೆ ಮಾತ್ರ ಮರುತಪಾಸಣೆ ಬರೆದರು. ಈ ಸಲ ಯಾರ ಮಾತನ್ನೂ ಕೇಳದೆ ಮರುದಿನವೇ ಮಿಲಿಟರಿ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದೆ, ಫಿಟ್ ಅಂತ ಬಂತು. ಮೆರಿಟ್‌ನಲ್ಲಿ ಮೂವರು ಬಂದರು, ಒಬ್ಬನಿಗೆ ಸ್ವಲ್ಪದರಲ್ಲಿ ತಪ್ಪಿತು. ಪಕ್ಕದ ಅಕಾಡೆಮಿಯಲ್ಲಿ ತಿಂಗಳಿಗೆ ಹತ್ತು ಸಾವಿರ ಕೊಟ್ಟು ಓಡಿದ ಎಷ್ಟೋ ಜನ ಕಿವಿ, ಹಲ್ಲು, ಕಾಗದಕ್ಕೆ ವಾಪಸ್ ಬಂದರು. ನಮ್ಮ ಆರು ಜನರ ಪೂರ್ತಿ ಖರ್ಚು, ಶೂ, ಡಾಕ್ಟರ್, ಪುಸ್ತಕ, ಓಡಾಟ ಎಲ್ಲ ಸೇರಿ 36-37 ಸಾವಿರ. ಅದರಲ್ಲಿ ಶೂಗೇ 14 ಸಾವಿರ.

ಉಳಿದ ಪ್ರಶ್ನೆಗಳಿಗೆ ಬೇಗ ಉತ್ತರಿಸುತ್ತೇನೆ. ಬಾಗಲಕೋಟೆ, ವಿಜಯಪುರದವರು ಬೆಳಗಾವಿ ಭರ್ತಿ ಕಚೇರಿಗೆ ಬರುತ್ತೀರಿ ಅಂದುಕೊಳ್ಳಬೇಡಿ, ನೀವು ಮಂಗಳೂರಿಗೆ ಸೇರುತ್ತೀರಿ. ಮಹಾಲಿಂಗಪುರದ ನಮ್ಮ ಸೋದರಳಿಯ ಇದು ಗೊತ್ತಿಲ್ಲದೆ ಒದ್ದಾಡಿದ. ಬೆಳಗಾವಿಯ ಮರಾಠಾ ರೆಜಿಮೆಂಟ್ ಸೆಂಟರ್‌ನಲ್ಲೇ ಟ್ರೇನಿಂಗ್ ಸಿಗುತ್ತಾ ಅಂತ ಅವ್ವಂದಿರು ಕೇಳುತ್ತಾರೆ, ರೆಜಿಮೆಂಟ್ ಆರಿಸುವುದು ನಮ್ಮ ಕೈಯಲ್ಲಿಲ್ಲ. ಹಚ್ಚೆ ಹಾಕಿಸಿಕೊಳ್ಳಬೇಡಿ, ಜಾತ್ರೆಯಲ್ಲಿ ತೋಳಿನ ಮೇಲೆ ಹಾಕಿಸಿಕೊಂಡ ಹೆಸರು ಎಷ್ಟೋ ಜನರನ್ನು ಹೊರಗೆ ಹಾಕಿದೆ. ಎತ್ತರ 162 ಇದ್ದವನು ಪಿಯುಸಿಯಲ್ಲಿ ಶೇಕಡಾ 60 ತೆಗೆದಿದ್ದರೆ ಕ್ಲರ್ಕ್ ಹುದ್ದೆಗೆ ಅರ್ಜಿ ಹಾಕಲಿ. ಎನ್‌ಸಿಸಿ ಇದ್ದರೆ ಬೋನಸ್ ಅಂಕ ಇದೆ, ಕಾಲೇಜಿನಲ್ಲಿರುವವರು ಇವತ್ತೇ ಸೇರಿ.

ನಾಲ್ಕು ವರ್ಷ ಆದ ಮೇಲೆ ಏನು ಅಂತ ಎಲ್ಲರಿಗಿಂತ ಜಾಸ್ತಿ ಕೇಳುವವರು ಅಪ್ಪಂದಿರು. ಸಂಬಳ ಮೊದಲ ವರ್ಷ 30 ಸಾವಿರ, ಕೈಗೆ 21 ಸಾವಿರ, ಉಳಿದದ್ದು ಕೊನೆಗೆ ಒಟ್ಟಿಗೆ ಸಿಗುವ ಸೇವಾನಿಧಿಗೆ. ನಾಲ್ಕನೇ ವರ್ಷ 40 ಸಾವಿರಕ್ಕೆ ಏರುತ್ತೆ. ಮುಗಿದಾಗ ಸರ್ಕಾರದ ಪಾಲು ಸೇರಿ ಬಡ್ಡಿ ಸಮೇತ 11 ಲಕ್ಷದ ಮೇಲೆ ಬರುತ್ತೆ, ಪಿಂಚಣಿ ಇಲ್ಲ. ಕಾಯಂ ಆಗುವುದು ನೂರಕ್ಕೆ 25ರ ತನಕ. ನಾನು ತಮ್ಮನಿಗೆ ಇದನ್ನು ಮುಚ್ಚಿಡದೆ ಹೇಳಿದೆ, ಅವನು ಆ 25ರಲ್ಲಿ ಬರುತ್ತೇನೆ ಅಂದ. ಬಂದೇ ಬರುತ್ತಾನೆ ಅಂತ ನನಗೂ ನಂಬಿಕೆ ಇದೆ.

ಈಗ ಕಾಲುವೆಯ ಮೇಲೆ ಏಳು ಹೊಸ ಹುಡುಗರಿದ್ದಾರೆ, ಮೂಡಲಗಿಯಿಂದಲೂ ಇಬ್ಬರು ಬರುತ್ತಾರೆ. ಎಲ್ಲರ ಕಿವಿ, ಕಣ್ಣು ನೋಡಿಸಿ ಆಗಿದೆ. ಇಬ್ಬರ ಆಧಾರ್ ತಿದ್ದುಪಡಿ ಬಾಕಿ ಇದೆ, ಅದು ಬರುವ ತನಕ ಶೂ ತಗೊಳ್ಳಬೇಡಿ ಅಂತ ಹೇಳಿದ್ದೇನೆ.