ಕಸಿಕಡ್ಡಿ ಕೊಡುವ ಮುನ್ನ: ರೈತರ ತಳಿಯ ನೋಂದಣಿ ಮತ್ತು ಲೈಸೆನ್ಸ್

ಒಳ್ಳೆಯ ಹಲಸಿನ ಮರವೊಂದರ ಸುದ್ದಿ ಹಬ್ಬಿದರೆ ನರ್ಸರಿಯವರು ಮೊದಲು ಕೇಳುವುದು ಕಸಿಕಡ್ಡಿ. ಒಂದು ಕಟ್ಟು ಕಡ್ಡಿ ಕೈಬಿಟ್ಟರೆ ಕೆಲವೇ ವರ್ಷಗಳಲ್ಲಿ ಅದು ಸಾವಿರಾರು ಗಿಡವಾಗುತ್ತದೆ. ಆಮೇಲೆ ಯಾವ ಗಿಡ ಯಾರ ಮರದ್ದೆಂದು ಸಾಬೀತು ಮಾಡುವುದು ಬಹಳ ಕಷ್ಟ. ಆದ್ದರಿಂದ ಮೊದಲು ದಾಖಲೆ, ಆಮೇಲೆ ಅರ್ಜಿ, ಕರಾರಿಗೆ ಸಹಿ ಬಿದ್ದ ಮೇಲೆ ಕಡ್ಡಿ.

ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ಕಲಮಿನ ಪ್ರಕಾರ ಗಿಡಕ್ಕಾಗಲಿ ಬೀಜಕ್ಕಾಗಲಿ ತಳಿಗಾಗಲಿ ಪೇಟೆಂಟ್ ಸಿಗುವುದಿಲ್ಲ. ತಳಿಗೆ ಇರುವ ದಾರಿ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಅದರಡಿ ತಳಿ ನೋಂದಾಯಿಸುವ ಪ್ರಾಧಿಕಾರ ಇರುವುದು ದೆಹಲಿಯಲ್ಲಿ, ಶಿವಮೊಗ್ಗದಲ್ಲಿ ಅದರ ಶಾಖಾ ಕಚೇರಿಯಿದೆ. ನಿಮ್ಮ ಬೆಳೆ ನೋಂದಣಿಗೆ ಅಧಿಸೂಚಿತವಾಗಿದೆಯೇ, ಅರ್ಜಿಯ ಗಡುವು ಎಲ್ಲಿಯವರೆಗೆ ಎಂಬ ಎರಡು ಪ್ರಶ್ನೆಗಳನ್ನು ಅಲ್ಲಿ ಮೊದಲೇ ಕೇಳಿಕೊಳ್ಳಿ.

ಅರ್ಜಿಯಲ್ಲಿ ಹೆಚ್ಚಿನವರು ಎಡವುವುದು ವರ್ಗದ ಕಾಲಂನಲ್ಲಿ. 'ಹೊಸ ತಳಿ' ಎಂದು ಬರೆದರೆ ಅದರ ಬೀಜ ಅಥವಾ ಗಿಡ ಭಾರತದಲ್ಲಿ ಅರ್ಜಿಗೆ ಒಂದು ವರ್ಷಕ್ಕಿಂತ ಮೊದಲು ಮಾರಾಟವಾಗಿರಬಾರದು. ರೈತರು ತಲೆಮಾರುಗಳಿಂದ ಬೆಳೆಸಿ ಉಳಿಸಿಕೊಂಡು ಬಂದದ್ದು 'ರೈತರ ತಳಿ'. ಅದಕ್ಕೆ ಹೊಸತನದ ಷರತ್ತಿಲ್ಲ, ಅರ್ಜಿ ಶುಲ್ಕವೂ ಇಲ್ಲ. ಕಾಲಂ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಪೆಪ್ಸಿಕೋ ಕಂಪನಿಯ ಎಫ್‌ಎಲ್ 2027 ಆಲೂಗಡ್ಡೆಯ ಪ್ರಕರಣ ನೋಡಿ. 2009ರಲ್ಲೇ ಇಲ್ಲಿ ಮಾರಾಟಕ್ಕೆ ಬಂದಿದ್ದ ತಳಿಗೆ 2012ರಲ್ಲಿ 'ಹೊಸ ತಳಿ' ಎಂದು ಅರ್ಜಿ ಹೋಗಿತ್ತು, ಹಕ್ಕು ವರ್ಗಾವಣೆಯ ಕಾಗದಗಳ ಬಗ್ಗೆಯೂ ತಕರಾರಿತ್ತು. 2021ರ ಡಿಸೆಂಬರ್‌ನಲ್ಲಿ ಪ್ರಾಧಿಕಾರ ನೋಂದಣಿ ರದ್ದು ಮಾಡಿತು. ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠದಿಂದ ಕಂಪನಿಯ ಪರ ತೀರ್ಪು ಬಂದದ್ದು 2024ರ ಜನವರಿಯಲ್ಲಿ. ಅಷ್ಟು ವರ್ಷ ವಕೀಲರನ್ನಿಟ್ಟು ಕಾದಾಡುವ ಶಕ್ತಿ ಕಂಪನಿಗಿದೆ, ನಮ್ಮ ಸಂಘಗಳಿಗಿಲ್ಲ.

ರೈತರ ತಳಿಯ ಅರ್ಜಿಗೆ ದೃಢೀಕರಣದ ಸಹಿ ಬೇಕು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿ, ಜಿಲ್ಲಾ ಕೃಷಿ ಅಧಿಕಾರಿ, ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರು, ಇವರಲ್ಲಿ ಒಬ್ಬರದಾದರೂ ನಡೆಯುತ್ತದೆ. ತಳಿ ಇಡೀ ಊರಿನದಾದರೆ ಒಬ್ಬರ ಹೆಸರಿನಲ್ಲಿ ಅರ್ಜಿ ಹಾಕಬೇಡಿ, ಆಕ್ಷೇಪಣೆ ಮೊದಲು ಬರುವುದೇ ನೆರೆಮನೆಯಿಂದ. ಸಭೆ ಸೇರಿಸಿ, ಬೆಳೆಗಾರರ ಪಟ್ಟಿಯೊಂದಿಗೆ ನಿರ್ಣಯ ಬರೆಸಿ, ಮುಂದೆ ಬರುವ ಹಣ ಹೇಗೆ ಹಂಚಿಕೆಯಾಗಬೇಕು ಎಂಬುದನ್ನೂ ಅದರಲ್ಲೇ ಸೇರಿಸಿ.

ತಳಿಯ ಹೆಸರು ಬರೀ ಅಂಕಿಯಾಗಿರಬಾರದು, ಬರೀ ಊರಿನ ಹೆಸರೂ ಆಗಬಾರದು. ವಿವರಣೆಯಲ್ಲಿ 'ರುಚಿ ಅದ್ಭುತ' ಎಂಬ ಮಾತಿಗೆ ಬೆಲೆಯಿಲ್ಲ. ಆ ಬೆಳೆಯ ಪರೀಕ್ಷಾ ಮಾರ್ಗಸೂಚಿ ತರಿಸಿಕೊಂಡು ಅದರಲ್ಲಿರುವ ಲಕ್ಷಣಗಳನ್ನೇ ತುಂಬಿ. ಹಲಸಾದರೆ ಕಾಯಿಯ ಆಕಾರ, ಮುಳ್ಳಿನ ತುದಿ, ತೊಳೆಯ ಬಣ್ಣ, ಸಿಹಿಯ ಬ್ರಿಕ್ಸ್ ಅಳತೆ. ತೊಳೆಯ ಬಣ್ಣವನ್ನು ಹಣ್ಣು ಕೊಯ್ದ ಕೂಡಲೇ, ನೆರಳಿನಲ್ಲಿ, ಬಣ್ಣದ ಪಟ್ಟಿಯ ಪಕ್ಕ ಇಟ್ಟು ಫೋಟೊ ತೆಗೆಯಿರಿ. ಹೊತ್ತು ಕಳೆದಂತೆ ಬಣ್ಣ ಬದಲಾಗುತ್ತದೆ. ತೀರಾ ಹತ್ತಿರದ ಬೇರೊಂದು ತಳಿಯನ್ನು ಹೆಸರಿಸಿ, ಯಾವ ಲಕ್ಷಣದಲ್ಲಿ ನಿಮ್ಮದು ಬೇರೆ ಎಂದು ಸ್ಪಷ್ಟವಾಗಿ ಬರೆಯಿರಿ. ಅರ್ಜಿಯ ಬಲ ನಿಂತಿರುವುದು ಇದರ ಮೇಲೆ.

ಪರೀಕ್ಷೆಯಲ್ಲಿ ನೋಡುವುದು ಮೂರು: ತಳಿ ಬೇರೆಯಾಗಿದೆಯೇ, ಏಕರೂಪವಾಗಿದೆಯೇ, ಪೀಳಿಗೆಯಿಂದ ಪೀಳಿಗೆಗೆ ಹಾಗೇ ಉಳಿಯುತ್ತದೆಯೇ. ಭತ್ತ, ರಾಗಿಯಂಥ ಬೆಳೆಗೆ ಬೀಜ ಕಳಿಸಬೇಕು, ಬೀಜೋಪಚಾರದ ಔಷಧಿ ಸವರಿರಬಾರದು. ರೈತರ ತಳಿಯಲ್ಲಿ ಬೆರಕೆ ಗಿಡಗಳ ಮಿತಿ ಬೇರೆಯವಕ್ಕಿಂತ ಎರಡು ಪಟ್ಟು ಸಡಿಲ. ಆದರೂ ಕಳಿಸುವ ಹಿಂದಿನ ಹಂಗಾಮಿನಲ್ಲಿ ಹೂಬಿಡುವಾಗೊಮ್ಮೆ, ತೆನೆ ಬಲಿತಾಗೊಮ್ಮೆ ಬೆರಕೆ ಕಿತ್ತು ಬೀಜ ಎತ್ತಿಡಿ. ಮರಗಳಾದರೆ ಸಾಮಾನ್ಯವಾಗಿ ತಜ್ಞರು ತೋಟಕ್ಕೇ ಬರುತ್ತಾರೆ.

ಪರೀಕ್ಷೆ ಮುಗಿದು ಅರ್ಜಿ ಒಪ್ಪಿಗೆಯಾದ ಮೇಲೆ ವಿವರ ಪ್ರಾಧಿಕಾರದ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಮೂರು ತಿಂಗಳು. ಪ್ರಮಾಣಪತ್ರ ಮರಗಳಿಗೆ ಮತ್ತು ಬಳ್ಳಿಗಳಿಗೆ ಮೊದಲು 9 ವರ್ಷ, ನವೀಕರಿಸಿದರೆ ಒಟ್ಟು 18. ಉಳಿದ ಬೆಳೆಗಳಿಗೆ 6 ಮತ್ತು 15.

ಪ್ರಮಾಣಪತ್ರ ತಾನೇ ದುಡ್ಡು ತರುವುದಿಲ್ಲ, ತರುವುದು ಕರಾರು. ಗುಬ್ಬಿ ತಾಲ್ಲೂಕಿನ ಚೇಳೂರಿನ ತಾಮ್ರಗೆಂಪು ತೊಳೆಯ 'ಸಿದ್ದು' ಹಲಸಿನಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೈತರೊಂದಿಗೆ ಮಾಡಿಕೊಂಡ ಒಪ್ಪಂದ ಒಳ್ಳೆಯ ಮಾದರಿ: ಲೈಸೆನ್ಸ್ ಹಣದಲ್ಲಿ ಶೇ 75 ರೈತರಿಗೆ.

ನರ್ಸರಿಯೊಂದಿಗೆ ನೇರವಾಗಿ ಕರಾರು ಮಾಡುವಾಗ ರಾಯಧನವನ್ನು 'ನಿವ್ವಳ ಲಾಭದಲ್ಲಿ ಇಷ್ಟು' ಎಂದು ಒಪ್ಪಬೇಡಿ. ಖರ್ಚು ಎಷ್ಟೆಂದು ಬರೆದುಕೊಳ್ಳುವವರು ಅವರೇ, ಲಾಭ ಕಾಣಿಸುವುದೇ ಇಲ್ಲ. ಮಾರಿದ ಗಿಡದ ಲೆಕ್ಕದಲ್ಲಿ ಕೇಳಿ. ಉದಾಹರಣೆಗೆ ಗಿಡ 150 ರೂಪಾಯಿ, ರಾಯಧನ ಶೇ 8 ಎಂದರೆ ಗಿಡಕ್ಕೆ 12 ರೂಪಾಯಿ. 10,000 ಗಿಡಕ್ಕೆ 1,20,000. ಅದರ ಜೊತೆಗೆ ಮಾರಾಟವಾಗಲಿ ಬಿಡಲಿ ವರ್ಷಕ್ಕೆ ಇಷ್ಟು ಕನಿಷ್ಠ ಮೊತ್ತ ಎಂದು ನಿಗದಿ ಮಾಡಿ. ಏಕೈಕ ಹಕ್ಕು ಪಡೆದು ಗಿಡ ಮಾಡದೆ ಸುಮ್ಮನೆ ಕೂರುವವರಿಗೆ ಇದೇ ಅಂಕುಶ. ಯಾವ ಜಿಲ್ಲೆಗಳು, ಎಷ್ಟು ವರ್ಷ, ಬೇರೆಯವರಿಗೆ ಒಳಲೈಸೆನ್ಸ್ ಕೊಡಬಹುದೇ, ಪ್ರತಿ ಗಿಡಕ್ಕೂ ತಳಿ ಹೆಸರಿನ ಲೇಬಲ್ ಮತ್ತು ಕ್ರಮಸಂಖ್ಯೆ, ಆರು ತಿಂಗಳಿಗೊಮ್ಮೆ ಲೆಕ್ಕ, ಇವು ಮಾಮೂಲು. ಹೆಚ್ಚಿನ ಕರಾರುಗಳಲ್ಲಿ ಬಿಟ್ಟುಹೋಗುವುದು ತಾಯಿಗಿಡಗಳ ಮಾತು: ಅವಧಿ ಮುಗಿದಾಗ ನರ್ಸರಿಯಲ್ಲಿ ಬೆಳೆದು ನಿಂತಿರುವ ತಾಯಿಗಿಡಗಳನ್ನು ಕಡಿಯಬೇಕೇ, ನಿಮಗೆ ಒಪ್ಪಿಸಬೇಕೇ? ಬರೆಯದಿದ್ದರೆ ಕಡ್ಡಿ ಅಲ್ಲಿಂದ ಹೋಗುತ್ತಲೇ ಇರುತ್ತದೆ.

ಸಹಿಯಾದ ಮೇಲೆ ಲೈಸೆನ್ಸ್‌ದಾರರ ಹೆಸರು ರಿಜಿಸ್ಟ್ರಾರ್ ಬಳಿ ನೋಂದಣಿಯಾಗಬೇಕು. ಛಾಪಾ ಕಾಗದ ಬೀರುವಿನಲ್ಲಿದ್ದರೆ ಸಾಲದು.

ಹಕ್ಕಿನ ಮಿತಿಯೂ ತಿಳಿದಿರಲಿ. 2001ರ ಕಾಯ್ದೆಯ 39ನೇ ಕಲಮಿನ ಪ್ರಕಾರ ಗಿಡ ಕೊಂಡ ರೈತ ಅದರಿಂದ ತನಗೆ ಬೇಕಾದಷ್ಟು ಮಾಡಿಕೊಳ್ಳಬಹುದು, ಬೀಜವನ್ನು ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹಾಕಿದ ಬೀಜವಾಗಿ ಮಾತ್ರ ಮಾರುವಂತಿಲ್ಲ. ಹಾಗಾಗಿ ರಾಯಧನದ ದೊಡ್ಡ ಪಾಲು ಮೊದಲ ಕೆಲವು ವರ್ಷಗಳಲ್ಲೇ ಬರುವಂತೆ ದರ ಕಟ್ಟಿ. ಸಂಶೋಧಕರು ನಿಮ್ಮ ತಳಿಯನ್ನು ಸಂಕರಣಕ್ಕೆ ಬಳಸಬಹುದು. ಆದರೆ ವ್ಯಾಪಾರದ ಬೀಜೋತ್ಪಾದನೆಗೆ ಅದನ್ನೇ ಮತ್ತೆ ಮತ್ತೆ ಪೋಷಕ ತಳಿಯಾಗಿ ಬಳಸಬೇಕಾದರೆ ನಿಮ್ಮ ಅನುಮತಿ ಬೇಕು.

ಯಾರೋ ನಿಮ್ಮ ತಳಿಯ ಹೆಸರಿನಲ್ಲಿ ಗಿಡ ಮಾರುತ್ತಿದ್ದರೆ ಜಗಳಕ್ಕೆ ಮೊದಲು ಎರಡು ಗಿಡ ಕೊಂಡು ಬಿಲ್ ಪಡೆಯಿರಿ. ತಳಿ ಹೆಸರು ಬಿಲ್ಲಿನಲ್ಲೂ ಲೇಬಲ್‌ನಲ್ಲೂ ಕಾಣುವಂತೆ ಫೋಟೊ ತೆಗೆದು, ಗಿಡಗಳನ್ನು ಜೀವಂತ ಇಟ್ಟುಕೊಳ್ಳಿ. ದಾವೆ ಜಿಲ್ಲಾ ನ್ಯಾಯಾಲಯದಲ್ಲಿ, ಅದಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಅಲ್ಲ.