ದ್ವೀಪದ ಅಳಿದ ಹಕ್ಕಿಯೊಂದನ್ನು ಮೂಳೆಗಳಿಂದ ವಿವರಿಸುವ ಕ್ರಮ

ಹಿಂದೂ ಮಹಾಸಾಗರದ ಮಾರಿಷಸ್, ರೊಡ್ರಿಗಸ್ ಮತ್ತು ರಿಯೂನಿಯನ್ ಎಂಬ ಮೂರು ದ್ವೀಪಗಳನ್ನು ಒಟ್ಟಾಗಿ ಮಸ್ಕರೇನ್ ದ್ವೀಪಗಳೆಂದು ಕರೆಯುತ್ತಾರೆ. ಮನುಷ್ಯರು ಮತ್ತು ಅವರ ಹಡಗುಗಳಲ್ಲಿ ಬಂದ ಇಲಿ, ಹಂದಿ, ಬೆಕ್ಕುಗಳು ನೆಲೆಯೂರಿದ ಮೇಲೆ ಅಲ್ಲಿನ ಅನೇಕ ಹಕ್ಕಿಗಳು ಅಳಿದುಹೋದವು. ಡೋಡೊ ಅವುಗಳಲ್ಲಿ ಹೆಸರು ಮಾಡಿದ ಒಂದು ಮಾತ್ರ. ಉಳಿದ ಹಲವು ಹಕ್ಕಿಗಳ ಬಗ್ಗೆ ನಮ್ಮ ಕೈಯಲ್ಲಿರುವುದು ನಾವಿಕರ ನಾಲ್ಕು ಸಾಲಿನ ಟಿಪ್ಪಣಿ ಮತ್ತು ಗುಹೆಗಳಲ್ಲೋ ಜೌಗಿನಲ್ಲೋ ಸಿಕ್ಕ ಕೆಲವು ಮೂಳೆಗಳು. ಅಂಥ ಮೂಳೆಯೊಂದು ಈವರೆಗೆ ಹೆಸರಿಲ್ಲದ ಹಕ್ಕಿಯದು ಎಂಬ ಅನುಮಾನ ಬಂದಾಗ, ಅದನ್ನು ಹೊಸ ಪ್ರಭೇದವೆಂದು ವಿವರಿಸುವ ಮುನ್ನ ಮತ್ತು ವಿವರಿಸುವಾಗ ಏನೇನು ಮಾಡಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ ಈ ಮೂರು ದ್ವೀಪಗಳಿಂದಲೇ ಆರಿಸಿಕೊಂಡಿದ್ದೇನೆ, ಏಕೆಂದರೆ ಈ ಕೆಲಸದಲ್ಲಿ ಆಗಬಹುದಾದ ತಪ್ಪುಗಳಲ್ಲಿ ಬಹುಪಾಲು ಅಲ್ಲಿ ಆಗಲೇ ಆಗಿಹೋಗಿವೆ.

ಮೊದಲು ಮೂಳೆ ಸಿಕ್ಕ ಜಾಗದ ವಿಚಾರ. ಜ್ವಾಲಾಮುಖಿಯಿಂದ ಹುಟ್ಟಿದ ದ್ವೀಪದ ಹುಳಿ ಮಣ್ಣಿನಲ್ಲಿ ಮೂಳೆ ಹೆಚ್ಚು ಕಾಲ ಉಳಿಯುವುದಿಲ್ಲ. ಆದ್ದರಿಂದ ಸುಣ್ಣಕಲ್ಲಿನ ಗುಹೆ, ಲಾವಾ ಹರಿದು ಉಂಟಾದ ಸುರಂಗ, ಮರಳುದಿಬ್ಬ ಮತ್ತು ಜೌಗು, ಇವೇ ಹುಡುಕಬೇಕಾದ ನೆಲೆಗಳು. 1865ರಲ್ಲಿ ಮಾರಿಷಸ್‌ನ ಮಾರ್ ಓ ಸೋಂಜ್ ಎಂಬ ಜೌಗಿನಲ್ಲಿ ಕೂಲಿಯಾಳುಗಳು ಗೊಬ್ಬರದ ಮಣ್ಣು ತೆಗೆಯುವಾಗ ಮೂಳೆಗಳು ಕಾಣಿಸಿಕೊಂಡವು; ಮಾಹೆಬೂರ್‌ನ ಶಾಲಾ ಶಿಕ್ಷಕ ಜಾರ್ಜ್ ಕ್ಲಾರ್ಕ್, ಆಳುಗಳನ್ನು ಜೌಗಿನ ನಡುವಿಗೆ ಇಳಿಸಿ, ಸೊಂಟದವರೆಗಿನ ನೀರಿನಲ್ಲಿ ಬರಿಗಾಲಿನಿಂದ ಕೆಸರನ್ನು ತಡಕಾಡಿಸಿ ಡೋಡೊವಿನ ಮೂಳೆಗಳನ್ನು ಹೊರತೆಗೆಸಿದರು. ಆ ಕಾಲಕ್ಕೆ ಅದು ದೊಡ್ಡ ಸಾಧನೆಯೇ ಸರಿ. ಆದರೆ ಪಾದಕ್ಕೆ ತಾಗುವುದು ಡೋಡೊವಿನ ಕಾಲಿನ ಮೂಳೆಯಂಥ ದೊಡ್ಡ ಮೂಳೆ ಮಾತ್ರ. ಗುಬ್ಬಚ್ಚಿಯ ಗಾತ್ರದ ಹಕ್ಕಿಯ ಮೂಳೆ ಬೆರಳ ಸಂದಿಯಲ್ಲಿ ಜಾರಿಹೋಗುತ್ತದೆ. ಯಾವ ಮೂಳೆ ಯಾವ ಪದರದ್ದು, ಯಾವುದರ ಪಕ್ಕದಲ್ಲಿ ಯಾವುದಿತ್ತು ಎಂಬ ಮಾಹಿತಿಯೂ ಹಾಗೆಯೇ ಕೈತಪ್ಪಿತು. 2005ರಲ್ಲಿ ಡಚ್ ಮತ್ತು ಮಾರಿಷಸ್ ಸಂಶೋಧಕರು ಅದೇ ಜೌಗನ್ನು ಪದರ ಪದರವಾಗಿ ಅಗೆದ ಮೇಲೆಯೇ ಆ ಮೂಳೆರಾಶಿ ಸುಮಾರು 4,000 ವರ್ಷ ಹಳೆಯದೆಂಬುದು ತಿಳಿದುಬಂತು.

ಆದ್ದರಿಂದ ಅಗೆಯುವಾಗ ಚೌಕ ಹಾಕಿ, ಪ್ರತಿ ಪದರದ ಆಳವನ್ನು ಅಳೆದು ಬರೆದಿಡಬೇಕು. ತೆಗೆದ ಮಣ್ಣನ್ನೆಲ್ಲ ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಹಾಕಿ ಜಾಲಿಸಬೇಕು. ಪ್ರತಿ ಮೂಳೆಗೂ ಒಂದು ಸಂಖ್ಯೆ ಕೊಡಬೇಕು. ಆ ಸಂಖ್ಯೆ ಚೀಲದ ಮೇಲೆ ಮಾತ್ರವಲ್ಲದೆ ಚೀಲದ ಒಳಗಿನ ಚೀಟಿಯ ಮೇಲೂ ಇರಲಿ, ಏಕೆಂದರೆ ಗುಹೆಯ ತೇವದಲ್ಲಿ ಚೀಲದ ಹೊರಗಿನ ಶಾಯಿ ಒಂದೇ ವಾರದಲ್ಲಿ ಅಳಿಸಿಹೋಗಬಹುದು. ಪುಡಿಯಾಗುತ್ತಿರುವ ಮೂಳೆಗೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಅಂಟನ್ನು ಹಚ್ಚುವುದು ವಾಡಿಕೆ. ಡಿಎನ್‌ಎ ಅಥವಾ ಇಂಗಾಲದ ಕಾಲನಿರ್ಣಯಕ್ಕೆಂದು ಒಂದು ತುಣುಕನ್ನು ಹಾಗೆಯೇ ಎತ್ತಿಟ್ಟ ಮೇಲೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು. ಉತ್ಖನನಕ್ಕೂ ಮೂಳೆಗಳನ್ನು ಹೊರದೇಶಕ್ಕೆ ಒಯ್ಯುವುದಕ್ಕೂ ಆ ದೇಶದ ಲಿಖಿತ ಅನುಮತಿ ಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮುಂದಿನದು, ಮೂಳೆ ದೇಹದ ಯಾವ ಭಾಗದ್ದೆಂದು ಗುರುತಿಸುವುದು. ಇದನ್ನು ಕಲಿಯಲು ಅಡುಗೆಮನೆಗಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ಇಡೀ ನಾಟಿಕೋಳಿಯೊಂದನ್ನು ಬೇಯಿಸಿ, ಮಾಂಸ ಬಿಡಿಸಿ, ಮೂಳೆಗಳನ್ನು ತೊಳೆದು ಒಣಗಿಸಿ ಜೋಡಿಸಿನೋಡಿ. ನಾವು ಲೆಗ್ ಪೀಸ್ ಎನ್ನುವ ತುಂಡಿನೊಳಗಿನ ಉದ್ದ ಮೂಳೆಯೇ ಟಿಬಿಯೊಟಾರ್ಸಸ್. ಅದರ ಮಗ್ಗುಲಿಗೆ ಸೂಜಿಯಂತೆ ಅಂಟಿಕೊಂಡಿರುವುದು ಫಿಬ್ಯುಲಾ. ಅದರ ಕೆಳಗೆ, ಹಳದಿ ಚಿಪ್ಪುಗಳಿರುವ, ಮಾಂಸವಿಲ್ಲದ ಕಾಲಿನೊಳಗಿನ ಮೂಳೆ ಟಾರ್ಸೊಮೆಟಟಾರ್ಸಸ್. ಪಳೆಯುಳಿಕೆಗಳನ್ನು ಓದುವವರಿಗೆ ಈ ಕೊನೆಯ ಮೂಳೆ ಬಹಳ ಉಪಕಾರಿ. ಅದರ ಕೆಳತುದಿಯಲ್ಲಿ ಬಾವಿಯ ರಾಟೆಗಳಂತೆ ನಡುವೆ ತಗ್ಗಿರುವ ಮೂರು ಉಬ್ಬುಗಳಿರುತ್ತವೆ. ಒಂದೊಂದು ರಾಟೆಗೆ ಒಂದೊಂದು ಬೆರಳು. ಗಿಳಿಯ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವುದರಿಂದ ಹೊರಬದಿಯ ರಾಟೆ ಹಿಂದಕ್ಕೆ ತಿರುಗಿಕೊಂಡಿರುತ್ತದೆ, ಮೂಳೆಯೂ ಗಿಡ್ಡವಾಗಿ ಅಗಲವಾಗಿರುತ್ತದೆ. ಉಳಿದ ಅಸ್ಥಿಪಂಜರವೆಲ್ಲ ಕಳೆದುಹೋಗಿದ್ದರೂ ಈ ಒಂದು ತುದಿಯನ್ನು ನೋಡಿ ಅದು ಗಿಳಿಯೆಂದು ಹೇಳಿಬಿಡಬಹುದು. ಪಕ್ಕೆಲುಬು ಮತ್ತು ಬೆರಳ ಮೂಳೆಗಳಿಂದ ಇಷ್ಟು ತಿಳಿಯುವುದಿಲ್ಲ. ಅವುಗಳ ಮೇಲೆ ಹೊಸ ಪ್ರಭೇದವನ್ನು ಕಟ್ಟಬಾರದು.

ಅಳತೆಯನ್ನು ವರ್ನಿಯರ್ ಕ್ಯಾಲಿಪರಿನಿಂದ 0.1 ಮಿಲಿಮೀಟರಿನವರೆಗೆ ತೆಗೆದರೆ ಸಾಕು. ಒಟ್ಟು ಉದ್ದ, ಮೇಲ್ತುದಿಯ ಅಗಲ, ಕೆಳತುದಿಯ ಅಗಲ, ನಡುಭಾಗದ ಕನಿಷ್ಠ ಅಗಲ, ಇವು ಪ್ರತಿ ಉದ್ದ ಮೂಳೆಗೂ ಬೇಕು. ಮೊದಲ ದಿನದ ಅಂಕಿಗಳನ್ನು ನೋಡದೆ ಬೇರೆ ದಿನ ಮತ್ತೊಮ್ಮೆ ಅಳೆಯಿರಿ. ಎರಡು ಸಲದ ಅಳತೆಗಳ ನಡುವಿನ ವ್ಯತ್ಯಾಸವೇ ನಿಮ್ಮ ಕೈಯ ದೋಷದ ಪ್ರಮಾಣ. ಸವೆದ ಅಥವಾ ಮುರಿದ ಮೂಳೆಯ ಅಳತೆಯನ್ನು ಪೂರ್ಣ ಮೂಳೆಗಳ ಸಾಲಿನಲ್ಲಿ ಸೇರಿಸಬೇಡಿ.

ಇನ್ನು ಹೋಲಿಕೆ. ಇಡೀ ಕೆಲಸದ ಜೀವಾಳ ಇದೇ, ಹೆಚ್ಚು ಕಾಲ ಹಿಡಿಯುವುದೂ ಇದೇ. ಮೂಳೆಯೊಂದನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ಅದು ಹೊಸದೋ ಹಳೆಯದೋ ತಿಳಿಯುವುದಿಲ್ಲ. ಅದರ ಪಕ್ಕದಲ್ಲಿ ನೆಂಟರ ಮೂಳೆಗಳನ್ನು ಸಾಲಾಗಿ ಇಟ್ಟಾಗ ಮಾತ್ರ ತಿಳಿಯುತ್ತದೆ. ಆ ಸಾಲಿನಲ್ಲಿ ಅದೇ ದ್ವೀಪದ ಮತ್ತು ನೆರೆಯ ದ್ವೀಪಗಳ ಅಳಿದ ಪ್ರಭೇದಗಳಿರಬೇಕು, ದ್ವೀಪಕ್ಕೆ ಹಕ್ಕಿಗಳು ಹಾರಿಬಂದಿರಬಹುದಾದ ಭೂಭಾಗಗಳ ಬದುಕಿರುವ ಪ್ರಭೇದಗಳೂ ಇರಬೇಕು. ಮಸ್ಕರೇನ್ ದ್ವೀಪಗಳು ಆಫ್ರಿಕಾಕ್ಕೆ ಹತ್ತಿರವೆಂದು ಆಫ್ರಿಕಾ ಮತ್ತು ಮಡಗಾಸ್ಕರ್‌ಗಳನ್ನಷ್ಟೇ ನೋಡಿ ಸುಮ್ಮನಾಗಬಾರದು. 2002ರ ಡಿಎನ್‌ಎ ಅಧ್ಯಯನದ ಪ್ರಕಾರ ಡೋಡೊ ಮತ್ತು ರೊಡ್ರಿಗಸ್‌ನ ಸಾಲಿಟೇರ್ ಹಕ್ಕಿಗಳಿಗೆ ಇಂದು ಬದುಕಿರುವ ಹಕ್ಕಿಗಳಲ್ಲಿ ಅತ್ಯಂತ ಹತ್ತಿರದ ನೆಂಟ ನಮ್ಮ ನಿಕೋಬಾರ್ ಪಾರಿವಾಳ. ಸಾವಿರಾರು ಕಿಲೋಮೀಟರ್ ಆಚೆ, ಪೂರ್ವದಿಕ್ಕಿನಲ್ಲಿರುವ ನೆಂಟ! ಹೋಲಿಕೆಗೆ ಬೇಕಾದ ಅಸ್ಥಿಪಂಜರಗಳು ಇಂಗ್ಲೆಂಡಿನ ಟ್ರಿಂಗ್, ಅಮೆರಿಕದ ಸ್ಮಿತ್ಸೋನಿಯನ್‌ನಂಥ ದೊಡ್ಡ ಸಂಗ್ರಹಗಳಲ್ಲಿವೆ. ಫೋಟೋ ನೋಡಿ ಹೋಲಿಸಿದ್ದು ಸಾಲದು; ಮೂಳೆಯನ್ನು ಕೈಯಲ್ಲಿ ಹಿಡಿದು ದೀಪದ ಕೆಳಗೆ ತಿರುಗಿಸಿದಾಗ ಕಾಣುವ ಗೀರು, ತಗ್ಗು, ಏಣುಗಳು ಫೋಟೋದಲ್ಲಿ ನೆರಳಾಗಿ ಕರಗಿಹೋಗುತ್ತವೆ.

ಪ್ರತಿ ನೆಂಟ ಪ್ರಭೇದದಿಂದಲೂ ಒಂದೇ ಅಸ್ಥಿಪಂಜರವನ್ನು ನೋಡಿದರೆ ಸಾಲದು. ಗಂಡು ಹೆಣ್ಣು ಎರಡೂ ಸೇರಿದಂತೆ ಸಾಧ್ಯವಾದಷ್ಟು ಹೆಚ್ಚು ನೋಡಬೇಕು. ಏಕೆಂಬುದಕ್ಕೆ ನ್ಯೂಜಿಲೆಂಡಿನ ಅಳಿದ, ಹಾರಲಾರದ ಮೋವಾ ಹಕ್ಕಿಯ ಕಥೆ ಸಾಕು. ಡೈನಾರ್ನಿಸ್ ಕುಲದ ದೈತ್ಯ ಮೋವಾಗಳನ್ನು ಗಾತ್ರದ ಆಧಾರದ ಮೇಲೆ ಮೂರು ಪ್ರಭೇದಗಳಾಗಿ ವಿಂಗಡಿಸಲಾಗಿತ್ತು. 2003ರಲ್ಲಿ ಮೂಳೆಗಳ ಡಿಎನ್‌ಎಯಿಂದ ಲಿಂಗವನ್ನು ಪತ್ತೆಹಚ್ಚಿದಾಗ ದೊಡ್ಡವೆಲ್ಲ ಹೆಣ್ಣು, ಸಣ್ಣವೆಲ್ಲ ಗಂಡು ಎಂದು ತಿಳಿಯಿತು. ಹೆಣ್ಣಿನ ತೂಕ ಗಂಡಿನ ತೂಕದ ಎರಡು ಪಟ್ಟಿಗೂ ಹೆಚ್ಚು. ಗಂಡ ಹೆಂಡಿರನ್ನು ಬೇರೆ ಬೇರೆ ಪ್ರಭೇದಗಳೆಂದು ಬರೆದಿಟ್ಟಿದ್ದರು ಎಂದಾಯಿತು. ರೊಡ್ರಿಗಸ್‌ನ ಸಾಲಿಟೇರ್‌ನಲ್ಲಿ ಇದು ತಿರುವುಮುರುವು: ಅಲ್ಲಿ ಗಂಡೇ ಹೆಣ್ಣಿಗಿಂತ ಬಹಳ ದೊಡ್ಡದು. ಆದ್ದರಿಂದ ನಿಮ್ಮ ಮೂಳೆ ತಿಳಿದಿರುವ ಪ್ರಭೇದಕ್ಕಿಂತ ದೊಡ್ಡದು ಅಥವಾ ಚಿಕ್ಕದು ಎಂಬ ಒಂದೇ ಕಾರಣವನ್ನು ಹಿಡಿದು ಹೊರಡಬೇಡಿ.

ವಯಸ್ಸನ್ನೂ ನೋಡಬೇಕು. ಮರಿಯ ಮೂಳೆಯ ತುದಿಗಳು ರಸ್ಕಿನಂತೆ ಸಣ್ಣ ಸಣ್ಣ ರಂಧ್ರಗಳಿಂದ ಕೂಡಿರುತ್ತವೆ. ಟಾರ್ಸೊಮೆಟಟಾರ್ಸಸ್‌ನಲ್ಲಿ ಮೂರು ಮೂಳೆಗಳು ಬೆಸೆದುಕೊಂಡ ಗೆರೆಗಳು ಇನ್ನೂ ಎದ್ದು ಕಾಣುತ್ತವೆ. ಅಂಥ ಮೂಳೆಯನ್ನು ಬೆಳೆದ ಹಕ್ಕಿಯ ಮೂಳೆಯೊಡನೆ ಹೋಲಿಸಿದರೆ ಇಲ್ಲದ ಪ್ರಭೇದವೊಂದು ಹುಟ್ಟಿಕೊಳ್ಳುತ್ತದೆ.

ದ್ವೀಪದ ಹಕ್ಕಿಗಳಿಗೇ ವಿಶೇಷವಾದ ಇನ್ನೊಂದು ಬಲೆಯಿದೆ. ಬೇಟೆಯಾಡುವ ಪ್ರಾಣಿಗಳಿಲ್ಲದ ದ್ವೀಪದಲ್ಲಿ ರೆಕ್ಕೆ ಕುಗ್ಗಿ, ಎದೆಮೂಳೆಯ ಏಣು ತಗ್ಗಿ, ಕಾಲು ದಪ್ಪವಾಗುವುದು ಬೇಗ ನಡೆಯುವ ಬದಲಾವಣೆ, ಬೇರೆ ಬೇರೆ ವಂಶಗಳಲ್ಲಿ ಮತ್ತೆ ಮತ್ತೆ ನಡೆಯುವಂಥದ್ದು. ಹಿಂದೂ ಮಹಾಸಾಗರದ ಅಲ್ದಾಬ್ರಾ ಹವಳದ್ವೀಪ ಸುಮಾರು 1,36,000 ವರ್ಷಗಳ ಹಿಂದೆ ಸಮುದ್ರದಲ್ಲಿ ಮುಳುಗಿ, ಹಾರಲಾರದ ಕಂಬುಗೋಳಿಗಳೆಲ್ಲ ಅಲ್ಲಿ ಅಳಿದ ಮೇಲೂ, ದ್ವೀಪ ಮತ್ತೆ ಮೇಲೆದ್ದಾಗ ಅದೇ ವಂಶದ ಹಾರುವ ಹಕ್ಕಿಗಳು ಬಂದು ನೆಲೆಸಿ ಮತ್ತೊಮ್ಮೆ ಹಾರಾಟವನ್ನು ಕಳೆದುಕೊಂಡವು ಎಂಬುದನ್ನು ಅಲ್ಲಿನ ಮೂಳೆಗಳು ತೋರಿಸಿವೆ. ಹೀಗಿರುವಾಗ ರೆಕ್ಕೆ ಚಿಕ್ಕದೆಂಬ ಕಾರಣಕ್ಕೆ ಹೊಸ ಕುಲವನ್ನೇ ಸ್ಥಾಪಿಸಲು ಹೊರಡುವುದು ಆತುರದ ಕೆಲಸ. ಮಾರಿಷಸ್ ಮತ್ತು ರೊಡ್ರಿಗಸ್‌ಗಳ ಅಳಿದ ಗೂಬೆಗಳನ್ನು ಮಸ್ಕರೆನೋಟಸ್ ಎಂಬ ಪ್ರತ್ಯೇಕ ಕುಲದಲ್ಲಿ ಇಡಲಾಗಿತ್ತು; 2018ರಲ್ಲಿ ಡಿಎನ್‌ಎ ನೋಡಿದಾಗ ಅವು ಓಟಸ್ ಕುಲದ ಚಿಟ್ಟುಗೂಬೆಗಳ ವಂಶದೊಳಗೇ ಸೇರಿದವೆಂದು ತಿಳಿಯಿತು. ಪ್ರಭೇದವನ್ನು ವಿವರಿಸಲು ಗಾತ್ರ ಮತ್ತು ಪ್ರಮಾಣಗಳು ನೆರವಾಗುತ್ತವೆ. ಕುಲವನ್ನು ಗುರುತಿಸಬೇಕಾದರೆ ಸ್ನಾಯು ಅಂಟಿಕೊಳ್ಳುವ ಗುರುತು, ನರ ಮತ್ತು ಸ್ನಾಯುರಜ್ಜು ಹಾದುಹೋಗುವ ಕಾಲುವೆ, ಕೀಲಿನ ಮುಖದ ಆಕಾರ, ಇಂಥ ಹಾರಾಟದೊಂದಿಗೆ ಅಷ್ಟಾಗಿ ಬದಲಾಗದ ಲಕ್ಷಣಗಳನ್ನು ನೆಚ್ಚಿಕೊಳ್ಳಬೇಕು.

ಹಳೆಯ ಪ್ರವಾಸಿಗಳ ಬರಹವನ್ನು ಮೂಳೆಯೊಡನೆ ಕೂಡಿಸುವಾಗ ಎರಡು ಉದಾಹರಣೆಗಳನ್ನು ನೆನಪಿನಲ್ಲಿಡಿ. 1691ರಿಂದ 1693ರವರೆಗೆ ರೊಡ್ರಿಗಸ್‌ನಲ್ಲಿದ್ದ ಫ್ರಾನ್ಸ್ವಾ ಲೆಗಾ, ಸಾಲಿಟೇರ್‌ನ ರೆಕ್ಕೆಯ ಮೂಳೆಯ ತುದಿಯಲ್ಲಿ ಬಂದೂಕಿನ ಗುಂಡಿನಷ್ಟು ದಪ್ಪದ ಗಂಟಿದೆ ಎಂದು ಬರೆದಿದ್ದರು. ನಂತರ ಗುಹೆಗಳಿಂದ ತೆಗೆದ ಮಣಿಕಟ್ಟಿನ ಮೂಳೆಗಳಲ್ಲಿ ಆ ಗಂಟು ನಿಜಕ್ಕೂ ಇತ್ತು. ರಿಯೂನಿಯನ್‌ನಲ್ಲಿ ಆದದ್ದು ಬೇರೆ. ಅಲ್ಲಿನ ‘ಸಾಲಿಟೇರ್’ನ ಬಗೆಗಿನ ಬರಹಗಳಿಗೆ ಬಿಳಿ ಡೋಡೊವಿನ ಚಿತ್ರಗಳನ್ನು ಸೇರಿಸಿ, ಆ ದ್ವೀಪದಲ್ಲೂ ಒಂದು ಡೋಡೊ ಇತ್ತೆಂದು ನೂರಕ್ಕೂ ಹೆಚ್ಚು ವರ್ಷ ನಂಬಿದ್ದರು. ಡೋಡೊವಿನ ಒಂದು ಮೂಳೆಯೂ ಅಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಕೆಂಬರಲಿನಂಥ ಐಬಿಸ್ ಹಕ್ಕಿಯ ಮೂಳೆ. 1987ರಲ್ಲಿ ಅದಕ್ಕೆ ಬೋರ್ಬೋನಿಬಿಸ್ ಲ್ಯಾಟಿಪೆಸ್ ಎಂದು ಹೊಸ ಕುಲದ, ಹೊಸ ಪ್ರಭೇದದ ಹೆಸರಿಟ್ಟರು. 1995ರಲ್ಲಿ ಆ ಹೆಸರಿಟ್ಟವರಲ್ಲೇ ಒಬ್ಬರು ಇತರರೊಡನೆ ಸೇರಿ, ಬರಹಗಳಲ್ಲಿ ಬರುವ ಸಾಲಿಟೇರ್ ಇದೇ ಐಬಿಸ್ ಎಂದು ವಾದಿಸಿ, ಆ ಬರಹಗಳನ್ನು ಆಧರಿಸಿ 1848ರಲ್ಲೇ ಕೊಟ್ಟಿದ್ದ ಸಾಲಿಟೇರಿಯಸ್ ಎಂಬ ಹೆಸರಿಗೆ ಮೊದಲ ಹಕ್ಕೆಂದು ತೋರಿಸಿದರು. ಈಗ ಅದರ ಹೆಸರು ಥ್ರೆಸ್ಕಿಯೋರ್ನಿಸ್ ಸಾಲಿಟೇರಿಯಸ್. ಮೂಳೆಗೆ ಹೆಸರಿಡುವ ಮುನ್ನ, ಅದೇ ದ್ವೀಪದ ಹಕ್ಕಿಗೆ ಮೂಳೆಯಿಲ್ಲದೆಯೇ ಯಾರಾದರೂ ಹೆಸರಿಟ್ಟಿದ್ದಾರೆಯೇ ಎಂದು ಹಳೆಯ ಗ್ರಂಥಗಳನ್ನೆಲ್ಲ ಜಾಲಾಡಬೇಕಾದ್ದು ಇದಕ್ಕಾಗಿಯೇ.

ಚಿತ್ರಗಳಿಗೂ ಇದೇ ಎಚ್ಚರಿಕೆ ಬೇಕು. ಇಂಗ್ಲೆಂಡಿನ ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಓವನ್ 1866ರಲ್ಲಿ ಡೋಡೊವಿನ ಮೂಳೆಗಳನ್ನು ಹಳೆಯ ವರ್ಣಚಿತ್ರವೊಂದರ ಹೊರಗೆರೆಯೊಳಗೆ ತುರುಕಿ ಅದನ್ನು ಕುಳ್ಳಗೆ, ದಡೂತಿಯಾಗಿ ನಿಲ್ಲಿಸಿದರು. 1872ರಲ್ಲಿ ತಾವೇ ಅದನ್ನು ತಿದ್ದಿಕೊಂಡರು.

ಇಷ್ಟೆಲ್ಲ ಆದ ಮೇಲೂ ಮೂಳೆ ಯಾವ ಸಾಲಿಗೂ ಸೇರದಿದ್ದರೆ ವಿವರಣೆಯನ್ನು ಬರೆಯಲು ಕುಳಿತುಕೊಳ್ಳಬಹುದು. ಮೊದಲು ಹೋಲೋಟೈಪನ್ನು, ಅಂದರೆ ಹೆಸರನ್ನು ಶಾಶ್ವತವಾಗಿ ಹೊರುವ ಮಾದರಿಯನ್ನು ಆರಿಸಿ. ಅದು ಒಂದೇ ಮೂಳೆಯಾಗಿರಲಿ, ಅಥವಾ ಒಂದೇ ಹಕ್ಕಿಯವೆಂದು ಖಚಿತವಾಗಿರುವ ಮೂಳೆಗಳಾಗಿರಲಿ. ಹತ್ತು ಹಕ್ಕಿಗಳ ಮೂಳೆಗಳು ಕಲಸಿಹೋಗಿರುವ ರಾಶಿಯಿಂದ ಅಂದವಾದವನ್ನು ಆಯ್ದು ಜೋಡಿಸಿದ ಅಸ್ಥಿಪಂಜರ ಪ್ರದರ್ಶನಕ್ಕೆ ಸರಿ, ಹೋಲೋಟೈಪಾಗಲು ತಕ್ಕದ್ದಲ್ಲ. ಮಾದರಿಯನ್ನು ಸಂಶೋಧಕರಿಗೆ ತೆರೆದಿರುವ ಸಂಸ್ಥೆಯೊಂದರಲ್ಲಿ ಸಂಖ್ಯೆಯೊಡನೆ ಠೇವಣಿ ಇಡಬೇಕು. ಡಿಎನ್‌ಎಗಾಗಿ ಕೊರೆಯುವುದಿದ್ದರೆ ಬೇರೆ ಮೂಳೆಯನ್ನು ಕೊರೆಯಿರಿ. ಹೋಲೋಟೈಪನ್ನೇ ಕೊರೆಯಬೇಕಾಗಿ ಬಂದರೆ ಅಳತೆ, ಫೋಟೋ, ಸಿಟಿ ಸ್ಕ್ಯಾನ್ ಎಲ್ಲ ಮುಗಿದ ಮೇಲೆ, ಲಕ್ಷಣಗಳಿಲ್ಲದ ನಡುಭಾಗವನ್ನು ಮಾತ್ರ. ಉಷ್ಣವಲಯದ ಗುಹೆಗಳಲ್ಲಿ ಡಿಎನ್‌ಎ ಬೇಗ ಹಾಳಾಗುವುದರಿಂದ ಕೊರೆದದ್ದು ವ್ಯರ್ಥವಾಗುವ ಸಾಧ್ಯತೆಯೇ ಹೆಚ್ಚು. ಇಂಗಾಲದ ಕಾಲನಿರ್ಣಯ ಮಾಡಿಸುವಾಗ ಹಕ್ಕಿ ಮೀನು ತಿನ್ನುತ್ತಿತ್ತೇ ಎಂಬುದನ್ನೂ ಯೋಚಿಸಿ. ಸಮುದ್ರದ ಇಂಗಾಲ ಹಳೆಯದಾದ್ದರಿಂದ ಕಡಲಹಕ್ಕಿಯ ಮೂಳೆ ಇರುವುದಕ್ಕಿಂತ ನೂರಾರು ವರ್ಷ ಹಳೆಯದಾಗಿ ಕಾಣುತ್ತದೆ.

ಬಳಿಕ ಲಕ್ಷಣನಿರೂಪಣೆ. ‘ಈ ಪಾರಿವಾಳವು ತನ್ನ ನೆಂಟರಿಗಿಂತ ದೊಡ್ಡದು, ಗಟ್ಟಿಮುಟ್ಟಾದದ್ದು’ ಎಂದು ಬರೆದರೆ ಓದುವವನ ಕೈಗೆ ಏನೂ ಸಿಕ್ಕಂತಾಗುವುದಿಲ್ಲ. ‘ಟಾರ್ಸೊಮೆಟಟಾರ್ಸಸ್‌ನ ಒಳರಾಟೆಯು ನಡುರಾಟೆಯಷ್ಟೇ ಕೆಳಕ್ಕೆ ಇಳಿದಿದೆ, ಇಂಥ ಪ್ರಭೇದದಲ್ಲಿ ಅದು ಮೇಲಕ್ಕೇ ನಿಲ್ಲುತ್ತದೆ’ ಎಂಬಂತೆ ಯಾವ ಮೂಳೆ, ಯಾವ ಭಾಗ, ಯಾವುದರಿಂದ ಹೇಗೆ ಬೇರೆ ಎಂಬುದು ಒಂದೊಂದು ವಾಕ್ಯದಲ್ಲೂ ಇರಬೇಕು. ಬೇರೊಂದು ಗುಹೆಯಲ್ಲಿ ಅಂಥದೇ ಮೂಳೆ ಸಿಕ್ಕವರು ನಿಮ್ಮನ್ನು ಕೇಳದೆ, ನಿಮ್ಮ ವಾಕ್ಯವನ್ನಷ್ಟೇ ಓದಿ ಅದನ್ನು ಗುರುತಿಸುವಂತಾಗಬೇಕು. ಬಣ್ಣ, ಕೂಗು, ಆಹಾರಗಳ ಬಗ್ಗೆ ಮೂಳೆ ಹೇಳದೇ ಇರುವುದನ್ನು ಲಕ್ಷಣಗಳ ಪಟ್ಟಿಗೆ ತರಬೇಡಿ.

ಹೆಸರಿನ ಕೆಲಸ ಬೇಗ ಮುಗಿಯುತ್ತದೆ. ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆಯಂತೆ, 1999ರ ನಂತರ ಪ್ರಕಟವಾಗುವ ಹೆಸರು ಹೊಸದೆಂದು ಸ್ಪಷ್ಟವಾಗಿ ಘೋಷಿತವಾಗಿರಬೇಕು, ಹೋಲೋಟೈಪ್ ಯಾವುದು ಮತ್ತು ಎಲ್ಲಿದೆ ಎಂಬುದನ್ನೂ ಹೇಳಿರಬೇಕು. ಕೇವಲ ಅಂತರ್ಜಾಲದಲ್ಲಿ ಪ್ರಕಟವಾಗುವ ಲೇಖನವಾದರೆ ಅದನ್ನು ಮೊದಲೇ ಜೂಬ್ಯಾಂಕ್ ಎಂಬ, ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಅಂತರ್ಜಾಲ ದಾಖಲೆಯಲ್ಲಿ ನೋಂದಾಯಿಸಿ, ಆ ನೋಂದಣಿಯ ಸಂಖ್ಯೆಯನ್ನು ಲೇಖನದೊಳಗೇ ಕೊಡಬೇಕು. ವ್ಯಕ್ತಿಯ ಹೆಸರಿಡುವುದಾದರೆ ಗಂಡಸಿಗೆ ‘ಇ’, ಹೆಂಗಸಿಗೆ ‘ಏ’ ಎಂಬ ಲ್ಯಾಟಿನ್ ಪ್ರತ್ಯಯ ಸೇರುತ್ತದೆ. ಗುಣವಾಚಕವಾದರೆ ಅದು ಕುಲದ ಹೆಸರಿನ ಲಿಂಗಕ್ಕೆ ಹೊಂದಿಕೊಳ್ಳಬೇಕು. 2011ರಲ್ಲಿ ಮಾರಿಷಸ್‌ನ ಅಳಿದ ಪಾರಿವಾಳವೊಂದಕ್ಕೆ ಕೊಲಂಬಾ ಥಿರಿಯೂಕ್ಸಿ ಎಂದು ಹೆಸರಿಟ್ಟರು. ಪೋರ್ಟ್ ಲೂಯಿಯಲ್ಲಿ ಕ್ಷೌರದ ವೃತ್ತಿ ಮಾಡಿಕೊಂಡಿದ್ದು, ಬಿಡುವು ಸಿಕ್ಕಾಗ ಬೆಟ್ಟದ ಗುಹೆಗಳಲ್ಲಿ ಮೂಳೆ ಹುಡುಕುತ್ತಿದ್ದ ಎತಿಯೆನ್ ಥಿರಿಯೂ ಅವರ ನೆನಪಿಗೆ ಅದು. ಒಂದೇ ಹಕ್ಕಿಯದೆಂದು ಹೇಳಬಹುದಾದ ಬಹುತೇಕ ಪೂರ್ಣ ಡೋಡೊ ಅಸ್ಥಿಪಂಜರವನ್ನು ಕೂಡಿಸಿಕೊಟ್ಟವರು ಅವರೇ.