ಸ್ಟ್ಯಾಟಿಸ್ಟಿಕ್ಸ್ ಚಿಹ್ನೆಗಳು ತಲೆ ತಿನ್ನುತ್ತಿದ್ದರೆ ಹೀಗೆ ಓದಿ ನೋಡಿ

“ಪಿ ಆಫ್ ಎಕ್ಸ್ ಈಕ್ವಲ್ಸ್ ಎಕ್ಸ್.” ಬೋರ್ಡ್ ಮೇಲಿರುವುದನ್ನು ಯಾರಾದರೂ ಹೀಗೆ ಜೋರಾಗಿ ಓದಿದರೆ ಹಿಂದಿನ ಬೆಂಚಿನವರಿಗೆ ನಗು ಬರಬೇಕು. ಎಕ್ಸ್ ಎಕ್ಸ್‌ಗೆ ಸಮ ಆಗದೆ ಇನ್ನೇನಾಗುತ್ತದೆ? ಉತ್ತರ 1 ಅಂತ ಬರೆದು ಎದ್ದು ಹೋಗಬಹುದಲ್ವಾ? ಬೋರ್ಡ್ ನೋಡಿದರೆ ಮಾತ್ರ ವಿಷಯ ತಿಳಿಯುತ್ತದೆ. ಮೊದಲ ಎಕ್ಸ್ ದೊಡ್ಡಕ್ಷರ, ಎರಡನೆಯದು ಸಣ್ಣಕ್ಷರ. ನಮ್ಮ ಲಿಪಿಯಲ್ಲಿ ಈ ಭೇದವೇ ಇಲ್ಲ, ಹಾಗಾಗಿ ಇದು ಬರೆದವರ ಕೈಬರಹದ ಲಕ್ಷಣ ಅಂದುಕೊಂಡು ಮುಂದೆ ಹೋಗುವುದು ಬಹಳ ಸುಲಭ.

ದೊಡ್ಡ ಎಕ್ಸ್ ಅಂದರೆ ಇನ್ನೂ ಉರುಳುತ್ತಿರುವ ದಾಳ. ಏನು ಬೀಳುತ್ತದೋ ಗೊತ್ತಿಲ್ಲ. ಸಣ್ಣ ಎಕ್ಸ್ ಅಂದರೆ ನೀವು ವಿಚಾರಿಸುತ್ತಿರುವ ಒಂದು ಅಂಕಿ, ಉದಾಹರಣೆಗೆ 4. ಆಗ ಆ ಸಾಲು “ದಾಳದಲ್ಲಿ 4 ಬೀಳುವ ಸಂಭವ ಎಷ್ಟು” ಎಂಬ ಸಾದಾ ಪ್ರಶ್ನೆ, ಉತ್ತರ 1/6. ಚಿಹ್ನೆ ಕಂಡ ಕೂಡಲೇ ಅದನ್ನು ಇಂಥ ಒಂದು ಕನ್ನಡ ವಾಕ್ಯ ಮಾಡಿ ಬಾಯಲ್ಲಿ ಹೇಳಿಕೊಳ್ಳಿ. ವಾಕ್ಯ ಆಗಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತಲೇ, ಮುಂದಿನ ಸಾಲಿಗೆ ಹೋಗಬೇಡಿ.

ವಾಕ್ಯ ಮಾಡಲು ಒಂದೇ ಪ್ರಶ್ನೆ ಸಾಕು: ಸ್ಯಾಂಪಲ್ ಇನ್ನೊಮ್ಮೆ ತೆಗೆದರೆ ಇದು ಬದಲಾಗುತ್ತದಾ?

ಒಂದು ತಾಲ್ಲೂಕಿನ ರಾಗಿ ಇಳುವರಿ ತಿಳಿಯಲು ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ ಅಂದುಕೊಳ್ಳಿ. ತಾಲ್ಲೂಕಿನ ಎಲ್ಲ ಹೊಲಗಳ ನಿಜವಾದ ಸರಾಸರಿ ಅಂತ ಒಂದಿದೆ, ಅದು ಮ್ಯೂ. ನೀವು ಯಾವ ಹೊಲ ಆರಿಸಿದರೂ ಅದು ಬದಲಾಗುವುದಿಲ್ಲ, ಆದರೆ ನಿಮಗೆ ಗೊತ್ತೂ ಇಲ್ಲ. ಕಟಾವು ಮಾಡಿದ 30 ತುಂಡು ಹೊಲಗಳ ಸರಾಸರಿಯೇ ಎಕ್ಸ್ ಬಾರ್, ಅಂದರೆ ತಲೆ ಮೇಲೆ ಅಡ್ಡಗೆರೆ ಇರುವ ಎಕ್ಸ್. ಬೇರೆ 30 ಹೊಲ ಆರಿಸಿದ್ದರೆ ಬೇರೆ ಅಂಕಿ ಬರುತ್ತಿತ್ತು. ಸಾಮಾನ್ಯವಾಗಿ ಗ್ರೀಕ್ ಅಕ್ಷರ ಕಂಡರೆ ಅದು ನಿಂತ ಸಂಖ್ಯೆ, ಇಂಗ್ಲಿಷ್ ಅಕ್ಷರ ಕಂಡರೆ ಸ್ಯಾಂಪಲ್‌ನಿಂದ ಲೆಕ್ಕ ಹಾಕಿದ್ದು. ಗ್ರೀಕ್ ಅಕ್ಷರದ ತಲೆ ಮೇಲೆ ಟೋಪಿ ಕಂಡರೆ ಮಾತ್ರ ಕಥೆ ತಿರುಗುತ್ತದೆ. ಥೀಟಾ ನಿಂತಿದ್ದು, ಥೀಟಾ ಹ್ಯಾಟ್ ನಮ್ಮ ಅಂದಾಜು, ಅದು ಸ್ಯಾಂಪಲ್ ಜೊತೆ ಬದಲಾಗುತ್ತದೆ. ಬೇಸಿಯನ್ ಪುಸ್ತಕ ಹಿಡಿದಿದ್ದರೆ ಅಲ್ಲಿ ಥೀಟಾಗೂ ಒಂದು ಡಿಸ್ಟ್ರಿಬ್ಯೂಷನ್, ಅಂದರೆ ಯಾವ ಬೆಲೆಗೆ ಎಷ್ಟು ಸಂಭವ ಎಂಬ ಹಂಚಿಕೆ, ಕೊಟ್ಟಿರುತ್ತಾರೆ, ಗಾಬರಿಯಾಗಬೇಡಿ. ಆ ಡಿಸ್ಟ್ರಿಬ್ಯೂಷನ್ ಹೇಳುವುದು ಥೀಟಾ ಬಗ್ಗೆ ನಮಗೆ ಎಷ್ಟು ಗೊತ್ತು ಎಂಬುದನ್ನು.

ಒಂದೇ ಅಕ್ಷರ, ನಾಲ್ಕು ಅರ್ಥ

ನಿಜವಾದ ಕಿರಿಕಿರಿ ಇಲ್ಲಿ ಶುರು. ಊರಲ್ಲಿ ನಾಲ್ಕು ಜನ ಮಂಜುನಾಥ ಇದ್ದ ಹಾಗೆ, ಯಾರ ಮನೆಯವನು ಅಂತ ಕೇಳದೆ ಕೂಗಿದರೆ ತಪ್ಪು ಮನುಷ್ಯ ಬರುತ್ತಾನೆ. ದೊಡ್ಡ ಸಿಗ್ಮಾ ಒಂದು ಕಡೆ “ಎಲ್ಲ ಕೂಡಿಸು”, ಇನ್ನೊಂದು ಕಡೆ ಕೋವೇರಿಯನ್ಸ್ ಮ್ಯಾಟ್ರಿಕ್ಸ್. ಮೇಲೆ ಕೆಳಗೆ ಪುಟ್ಟ ಅಂಕಿಗಳಿದ್ದು ಮುಂದೆ ಏನೋ ಕೂಡಿಸಲು ಕಾದಿದ್ದರೆ ಮೊದಲನೆಯದು, ಒಂಟಿಯಾಗಿ ನಿಂತಿದ್ದರೆ ಎರಡನೆಯದು. ಪೈ ಅಂದರೆ 3.14 ಇರಬಹುದು, ಒಂದು ಗುಂಪಿನ ಪ್ರಮಾಣವೂ ಇರಬಹುದು. ಪಿ ಅಂತೂ ಕೇಳಲೇಬೇಡಿ: ಸಂಭವನೀಯತೆ, ಪ್ರಮಾಣ, ಪಿ-ವ್ಯಾಲ್ಯೂ, ರಿಗ್ರೆಷನ್‌ನಲ್ಲಿ ಚರಗಳ ಸಂಖ್ಯೆ, ಎಲ್ಲಕ್ಕೂ ಅದೇ.

ಇವೆಲ್ಲ ಸಂದರ್ಭ ನೋಡಿದರೆ ಬಗೆಹರಿಯುತ್ತವೆ. ಬಗೆಹರಿಯದ ಒಂದನ್ನು ಹತ್ತಿರದಿಂದ ನೋಡೋಣ, ಅದಕ್ಕೆ ನಮ್ಮ ಕಡೆಯ ನಂಟೂ ಇದೆ. ಸ್ಟ್ಯಾಟಿಸ್ಟಿಕ್ಸ್ ವಿದ್ವಾಂಸ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ ಹೂವಿನ ಹಡಗಲಿಯಲ್ಲಿ, ಈಗ ಅದು ವಿಜಯನಗರ ಜಿಲ್ಲೆ. 1945ರಲ್ಲಿ ಅವರು ಪ್ರಕಟಿಸಿದ, ಇವತ್ತು ಕ್ರಾಮರ್–ರಾವ್ ಅಂತ ಕರೆಯುವ ಸಾಲು ಸರಳವಾಗಿ ಹೀಗಿದೆ:

ವೇರಿಯನ್ಸ್(ಥೀಟಾ ಹ್ಯಾಟ್) ≥ 1 / ಐ(ಥೀಟಾ)

ಅಂದರೆ, ಒಂದು ಕಡೆಗೆ ವಾಲದ ಅಂದಾಜು ಎಷ್ಟೇ ಜಾಣತನದ್ದಾದರೂ ಅದರ ಏರುಪೇರು ಇಷ್ಟಕ್ಕಿಂತ ಕಡಿಮೆ ಆಗಲಾರದು. ಇದರಲ್ಲಿ ಐ ಯಾವುದು? ಐಡೆಂಟಿಟಿ ಮ್ಯಾಟ್ರಿಕ್ಸ್ ಅಲ್ಲ. ಹೌದು-ಇಲ್ಲ ಹೇಳುವ ಇಂಡಿಕೇಟರ್ ಐ ಕೂಡ ಅಲ್ಲ. ಇದು ಫಿಷರ್ ಇನ್ಫರ್ಮೇಷನ್, ಅಂದರೆ ಥೀಟಾ ಬಗ್ಗೆ ಡೇಟಾದಲ್ಲಿ ಎಷ್ಟು ಮಾಹಿತಿ ಇದೆ ಎಂಬ ಅಳತೆ. ಸರಿ, ಆದರೆ ಎಷ್ಟು ಡೇಟಾದ ಇನ್ಫರ್ಮೇಷನ್? ಕೆಲವು ಪುಸ್ತಕಗಳಲ್ಲಿ ಐ ಅಂದರೆ ಇಡೀ ಸ್ಯಾಂಪಲ್‌ದು. ಇನ್ನು ಕೆಲವರಲ್ಲಿ ಅದು ಒಂದೇ ಒಂದು ಅಳತೆಯದು, ಅವರು ಕೆಳಗೆ ಎನ್ ಇಂಟು ಐ ಅಂತ ಬರೆಯುತ್ತಾರೆ. ಒಂದು ಪುಸ್ತಕದ ಐ ತಂದು ಇನ್ನೊಂದರ ಸೂತ್ರಕ್ಕೆ ಹಾಕಿದರೆ ಉತ್ತರ ಕೆಡುತ್ತದೆ.

ಪತ್ತೆ ಹಚ್ಚುವುದು ಹೇಗೆ? ಉತ್ತರ ಮೊದಲೇ ಗೊತ್ತಿರುವ ಲೆಕ್ಕ ಹಾಕಿ. ಸರಿಯಾದ ನಾಣ್ಯವನ್ನು 100 ಸಲ ಚಿಮ್ಮಿ, ಹೆಡ್ ಬೀಳುವ ಪ್ರಮಾಣ ಅಂದಾಜು ಮಾಡುತ್ತೀರಿ. ಒಂದು ಚಿಮ್ಮಿಗೆ ಐ ಅಂದರೆ 1/(0.5 × 0.5), ಅಂದರೆ 4. ನೂರಕ್ಕೆ 400. ಹಾಗಾಗಿ ವೇರಿಯನ್ಸ್ 1/400, ಅದರ ವರ್ಗಮೂಲವಾದ ಸ್ಟ್ಯಾಂಡರ್ಡ್ ಡೀವಿಯೇಷನ್ 0.05. ನೂರು ಸಲದಲ್ಲಿ ಹೆಡ್ ಹೆಚ್ಚು ಕಡಿಮೆ 45ರಿಂದ 55ರ ಆಸುಪಾಸು ಬೀಳುತ್ತದೆ ಅಂತಾಯಿತು, ನಂಬುವ ಮಾತು. ಎನ್ ಬಿಟ್ಟುಹೋಗಿದ್ದರೆ ವೇರಿಯನ್ಸ್ 1/4, ಡೀವಿಯೇಷನ್ 0.5 ಬರುತ್ತಿತ್ತು. ಆಗ ಹೆಡ್ 0ರಿಂದ 100ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು ಅಂದ ಹಾಗೆ. ನೂರು ಸಲ ಚಿಮ್ಮಿ ಬಂದ ಭಾಗ್ಯ ಇದಾ?

ನಡುವೆ ನಿಂತ ಗೆರೆ

ಪಿ(ಎ | ಬಿ) ಅನ್ನು ಬಲದಿಂದ ಎಡಕ್ಕೆ ಓದಿ: “ಬಿ ಆಗಿದೆ ಅಂತ ಗೊತ್ತಾದ ಮೇಲೆ ಎ ಆಗುವ ಸಂಭವ.” ಕನ್ನಡ ವಾಕ್ಯ ತಾನಾಗಿಯೇ ಬಿಯಿಂದ ಶುರುವಾಗುತ್ತದೆ, ನಮಗೆ ಇದೊಂದು ಅನುಕೂಲ. ಗೆರೆಯನ್ನು ಭಾಗಾಕಾರ ಅಂದುಕೊಳ್ಳಬೇಡಿ. ಮುಖ್ಯವಾಗಿ, ಎರಡೂ ಕಡೆಯ ಅಕ್ಷರ ಅದಲು ಬದಲು ಮಾಡಬೇಡಿ.

10,000 ಜನ, ನೂರಕ್ಕೆ ಒಬ್ಬರಿಗೆ ಕಾಯಿಲೆ. ಕಾಯಿಲೆ ಇದ್ದವರಲ್ಲಿ ನೂರಕ್ಕೆ 90 ಮಂದಿಗೆ ಟೆಸ್ಟ್ ಪಾಸಿಟಿವ್ ಬರುತ್ತದೆ, ಇಲ್ಲದವರಲ್ಲೂ ನೂರಕ್ಕೆ 9 ಮಂದಿಗೆ ಸುಮ್ನೆ ಪಾಸಿಟಿವ್ ಬರುತ್ತದೆ ಅಂದುಕೊಳ್ಳಿ. ಕಾಯಿಲೆಯ 100 ಜನರಲ್ಲಿ 90 ಪಾಸಿಟಿವ್. ಉಳಿದ 9,900 ಜನರಲ್ಲಿ 891 ಪಾಸಿಟಿವ್. ಪಿ(ಪಾಸಿಟಿವ್ | ಕಾಯಿಲೆ) 90 ಪರ್ಸೆಂಟ್. ಆದರೆ ರಿಪೋರ್ಟ್ ಹಿಡಿದು ಕೂತವರಿಗೆ ಬೇಕಿರುವುದು ಪಿ(ಕಾಯಿಲೆ | ಪಾಸಿಟಿವ್), ಅದು 981ರಲ್ಲಿ 90, ಸುಮಾರು 9 ಪರ್ಸೆಂಟ್. ಗೆರೆಯ ಎಡ ಬಲ ಬದಲಾಗಿದ್ದಕ್ಕೆ ಇಷ್ಟು ಅಂತರ. ಸೂತ್ರ ನೆನಪಿಲ್ಲದಿದ್ದರೆ ಹೀಗೆ ಜನರನ್ನೇ ಎಣಿಸಿ, ಅದೇ ವಾಸಿ.

ಗೆರೆ ಬದಲು ಅಲ್ಪವಿರಾಮ ಇದ್ದರೆ “ಎರಡೂ ಒಟ್ಟಿಗೆ”. ಅರ್ಧವಿರಾಮ ಇದ್ದರೆ ಅದರ ಬಲಕ್ಕಿರುವುದು ಸುಮ್ಮನೆ ನಿಂತ ಸೆಟ್ಟಿಂಗ್, ಅದಕ್ಕೆ ಸಂಭವ ಅಂತ ಏನೂ ಇಲ್ಲ. ಬರೆಯುವವರು ಅರ್ಧವಿರಾಮದ ಜಾಗದಲ್ಲೂ ಗೆರೆ ಹಾಕಿಬಿಡುವುದುಂಟು, ಆಗ ಆ ಪುಸ್ತಕದ ಪದ್ಧತಿ ನೋಡಿಕೊಳ್ಳಬೇಕು.

ಎನ್(0, 4) ಎಂಬ ಬಲೆ

ನಾರ್ಮಲ್ ಡಿಸ್ಟ್ರಿಬ್ಯೂಷನ್, ಸರಾಸರಿ 0. ಆ 4 ಏನು? ಹೆಚ್ಚಿನ ಪಠ್ಯಪುಸ್ತಕಗಳಲ್ಲಿ ವೇರಿಯನ್ಸ್, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ 2. ಆರ್ ಎಂಬ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್‌ನಲ್ಲಿ, ಪೈಥಾನ್‌ನ ನಂಪೈಯಲ್ಲಿ ಅದೇ ಜಾಗಕ್ಕೆ 4 ಕೊಟ್ಟರೆ ಡೀವಿಯೇಷನ್ನೇ 4. ಜ್ಯಾಗ್ಸ್ ಎಂಬ ಬೇಸಿಯನ್ ಸಾಫ್ಟ್‌ವೇರ್‌ನಲ್ಲಿ ಅದು ಪ್ರಿಸಿಷನ್, ವೇರಿಯನ್ಸ್‌ನ ತಲೆಕೆಳಗು, ಹಾಗಾಗಿ ಡೀವಿಯೇಷನ್ 0.5. ಇದು ತಮಾಷೆಯಲ್ಲ. 4ಕ್ಕಿಂತ ದೊಡ್ಡ ಅಂಕಿ ಬರುವ ಸಂಭವ ಮೊದಲನೆಯದರಲ್ಲಿ ಸುಮಾರು 2.3 ಪರ್ಸೆಂಟ್, ಎರಡನೆಯದರಲ್ಲಿ 16 ಪರ್ಸೆಂಟ್, ಮೂರನೆಯದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು.

ಎಕ್ಸ್‌ಪೊನೆನ್ಷಿಯಲ್‌ನದೂ ಇದೇ ಗೋಳು. ಆರ್‌ಗೆ 5 ಕೊಟ್ಟರೆ ಅದನ್ನು ರೇಟ್ ಅಂತ ತಗೊಂಡು ಸರಾಸರಿ 0.2 ಬರುವ ಅಂಕಿಗಳನ್ನು ಕೊಡುತ್ತದೆ. ನಂಪೈಗೆ ಅದೇ 5 ಕೊಟ್ಟರೆ ಸ್ಕೇಲ್ ಅಂದುಕೊಂಡು ಸರಾಸರಿ 5. ಜಿಯೊಮೆಟ್ರಿಕ್‌ನಲ್ಲಿ ಆರ್ ಗೆಲುವಿಗೆ ಮುಂಚಿನ ಸೋಲುಗಳನ್ನು ಮಾತ್ರ ಎಣಿಸುತ್ತದೆ, ನಂಪೈ ಗೆದ್ದ ಸಲವನ್ನೂ ಸೇರಿಸುತ್ತದೆ.

ಯಾವುದನ್ನೂ ಬಾಯಿಪಾಠ ಮಾಡಬೇಡಿ. ಸಾಫ್ಟ್‌ವೇರ್‌ನಿಂದ 10,000 ರ‍್ಯಾಂಡಮ್ ಅಂಕಿ ತೆಗೆಸಿ, ಅವುಗಳ ಸರಾಸರಿ, ಡೀವಿಯೇಷನ್ ನೋಡಿ. 2ರ ಹತ್ತಿರ ಬಂತಾ, 4ರ ಹತ್ತಿರ ಬಂತಾ, ಅಷ್ಟೇ. ಮ್ಯಾನ್ಯುಯಲ್ ಹುಡುಕುವಷ್ಟರಲ್ಲಿ ಇದು ಮುಗಿದಿರುತ್ತದೆ.

ಇನ್ನು ಚಿಲ್ಲರೆ ಕಾಟಗಳು. ಎಕ್ಸ್‌ನ ಕೆಳಗೆ ಬರೀ 1 ಇದ್ದರೆ ಮೊದಲು ಬಂದ ಅಳತೆ, ಅದೇ 1 ಕಂಸದೊಳಗಿದ್ದರೆ ಎಲ್ಲಕ್ಕಿಂತ ಚಿಕ್ಕ ಅಳತೆ. ಅಂಕಿಗಳು 7, 3, 9 ಆದರೆ ಒಂದು 7, ಇನ್ನೊಂದು 3. ಝಡ್ ಕೆಳಗೆ 0.05 ಇದ್ದರೆ ಕೆಲವರಿಗೆ 1.645, ಕೆಲವರಿಗೆ ಮೈನಸ್ 1.645, ಬಾಲ ಬಲಕ್ಕೋ ಎಡಕ್ಕೋ ಎಂಬುದರ ಮೇಲೆ ಹೋಗುತ್ತದೆ. ಲಾಗ್ ಅಂದರೆ ಆರ್‌ನಲ್ಲಿ ನ್ಯಾಚುರಲ್ ಲಾಗ್, ಎಕ್ಸೆಲ್‌ನಲ್ಲಿ ಬೇಸ್ ಹೇಳದಿದ್ದರೆ 10ರದ್ದು. ಆರ್‌ನ ಔಟ್‌ಪುಟ್‌ನಲ್ಲಿ ಪಿ-ವ್ಯಾಲ್ಯೂ ಎದುರು 2.2, ಆಮೇಲೆ ಒಂದು ಇ, ಮೈನಸ್ 16 ಅಂತ ಕಂಡರೆ ಆ ಇ 2.718 ಅಲ್ಲ. ದಶಮಾಂಶ ಬಿಂದುವನ್ನು 16 ಮನೆ ಎಡಕ್ಕೆ ಸರಿಸು ಅಂತ ಅರ್ಥ.

ಕೊನೆಯದಾಗಿ ±. ನನಗೆ ಅತಿ ಜಾಸ್ತಿ ಸಿಟ್ಟು ಬರುವುದು ಇದರ ಮೇಲೆ, ಏಕೆಂದರೆ ಇದನ್ನು ಬರೆದವರು ಏನೋ ನಿಖರವಾಗಿ ಹೇಳಿದೆವು ಅಂತ ಬೀಗುತ್ತಾರೆ. 2, 4, 4, 4, 5, 5, 7, 9 ಎಂಬ ಎಂಟು ಅಂಕಿ ತಗೊಳ್ಳಿ. ಸರಾಸರಿ 5. ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿದರೆ 32. ಎಂಟರಿಂದ ಭಾಗಿಸಿ ವರ್ಗಮೂಲ ತೆಗೆದರೆ ಡೀವಿಯೇಷನ್ 2, ನಂಪೈ ಹೇಳದೇ ಕೇಳದೇ ಮಾಡುವುದು ಇದನ್ನೇ. ಏಳರಿಂದ ಭಾಗಿಸಿ ವರ್ಗಮೂಲ ತೆಗೆದರೆ 2.14, ಆರ್ ಮತ್ತು ಪೈಥಾನ್‌ನ ಪಾಂಡಾಸ್ ಕೊಡುವುದು ಇದು. ಅದನ್ನು ಎಂಟರ ವರ್ಗಮೂಲದಿಂದ ಭಾಗಿಸಿದರೆ ಸ್ಟ್ಯಾಂಡರ್ಡ್ ಎರರ್ 0.76. 95 ಪರ್ಸೆಂಟ್ ಇಂಟರ್ವಲ್ ಬೇಕೆಂದರೆ ಟಿ ಟೇಬಲ್‌ನ 2.365ರಿಂದ ಗುಣಿಸಿ, 1.79. ಈಗ ಹೇಳಿ, “5 ± ಇಷ್ಟು” ಅಂತ ಬರೆದರೆ ಈ ನಾಲ್ಕರಲ್ಲಿ ಯಾವುದು? ಸಂಶೋಧನಾ ಪೇಪರ್‌ನಲ್ಲಿ ಟೇಬಲ್ ಕೆಳಗಿನ ಸಣ್ಣಕ್ಷರದ ಸಾಲು ಓದಿ, ಇಲ್ಲದಿದ್ದರೆ ಮೆಥಡ್ಸ್ ಭಾಗ ಹುಡುಕಿ. ನಿಮ್ಮದೇ ರಿಪೋರ್ಟ್ ಆದರೆ ± ಬಿಟ್ಟು ಹೀಗೆ ಬರೆಯಿರಿ: ಸರಾಸರಿ 5.0, ಸ್ಟ್ಯಾಂಡರ್ಡ್ ಡೀವಿಯೇಷನ್ 2.14 (ಎನ್ – 1ರಿಂದ ಭಾಗಿಸಿದ್ದು), ಎನ್ = 8.